ಅಂಕ ಕಡಿಮೆ, ಸೀಟು ಸಿಗುತ್ತದಾ ಸಿಸ್ಟರ್?

ಪ್ರಶ್ನೆ: ಸಿಸ್ಟರ್ ಅವರಿಗೆ ನಮಸ್ಕಾರ. ನನಗೆ 20 ವರ್ಷ. ಪಿಯುಸಿ ಆರ್ಟ್ಸ್. ಮೊದಲ ಸಲ ಅರ್ಥಶಾಸ್ತ್ರದಲ್ಲಿ ಫೇಲಾಗಿ ಪರೀಕ್ಷೆ-2ರಲ್ಲಿ ಪಾಸಾದೆ. ಒಟ್ಟು 600ಕ್ಕೆ 255. ಕನ್ನಡ 61, ಇಂಗ್ಲಿಷ್ 41, ಉಳಿದದ್ದು ಹೇಳಿಕೊಳ್ಳುವಂಥದ್ದಲ್ಲ. ಆಮೇಲೆ ಎರಡು ವರ್ಷ ಮನೆಯಲ್ಲೇ ಇದ್ದೆ. ಅಜ್ಜಿಗೆ ಲಕ್ವ ಹೊಡೆದಿತ್ತು, ಬೆನ್ನಿಗೆ ಹುಣ್ಣಾಗಿತ್ತು. ಆರೋಗ್ಯ ಕೇಂದ್ರದ ಸಿಸ್ಟರ್ ಹೇಳಿಕೊಟ್ಟ ಹಾಗೆ ಮಗ್ಗುಲು ಬದಲಿಸಿ ಡ್ರೆಸ್ಸಿಂಗ್ ಮಾಡುತ್ತಿದ್ದೆ, ಮಾಯಿತು. ಆಗಿನಿಂದ ನರ್ಸಿಂಗ್ ಓದುವ ಆಸೆ. ಸೋದರಮಾವ ‘ಓದಿದರೆ ಬಿಎಸ್ಸಿ ನರ್ಸಿಂಗೇ ಓದು, ಇಲ್ಲದಿದ್ದರೆ ಬೇಡ’ ಅನ್ನುತ್ತಾರೆ. ಊರಿಗೆ ಬರುವ ಏಜೆಂಟರೊಬ್ಬರು, ‘ಒರಿಜಿನಲ್ ಮಾರ್ಕ್ಸ್ ಕಾರ್ಡು, 20 ಸಾವಿರ ಅಡ್ವಾನ್ಸು ಕೊಡಿ, ಬೆಂಗಳೂರಲ್ಲಿ ಸೀಟು ಗ್ಯಾರಂಟಿ. ದಿನಾ ಕ್ಲಾಸಿಗೆ ಹೋಗಬೇಕಂತಿಲ್ಲ, ಪರೀಕ್ಷೆಗೆ ಬಂದರೆ ಸಾಕು’ ಅಂದಿದ್ದಾರೆ. ಮುಂದಿನ ತಿಂಗಳು ಮತ್ತೆ ಬರುತ್ತಾರಂತೆ. ನನ್ನ ಅಂಕಕ್ಕೆ ಯಾರಾದರೂ ಸೇರಿಸಿಕೊಳ್ಳುತ್ತಾರಾ? ಸೇರಿದರೂ ಇಂಗ್ಲಿಷಿನಲ್ಲಿ ಓದಲಾಗುತ್ತದಾ?
— ಎಚ್.ಬಿ., ಲಿಂಗಸುಗೂರು ತಾಲ್ಲೂಕು

ಉತ್ತರ: ತಂಗೀ, ನಿನ್ನನ್ನು ‘ನೀನು’ ಅಂತಲೇ ಕರೆಯುತ್ತೇನೆ. ಮೂವತ್ತು ವರ್ಷಕ್ಕೂ ಮೇಲೆ ನಿನ್ನ ವಯಸ್ಸಿನ ಹುಡುಗಿಯರಿಗೆ ಪಾಠ ಹೇಳಿದ ಬಾಯಿ, ಬಹುವಚನ ಹೊರಡುವುದಿಲ್ಲ.

ನಿನ್ನ ಅಂಕಪಟ್ಟಿಯಲ್ಲಿ ನಾನು ಮೊದಲು ನೋಡಿದ್ದು 255 ಅಲ್ಲ, ಇಂಗ್ಲಿಷಿನ ಆ 41. ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಡಿಪ್ಲೊಮಾಕ್ಕೆ ಭಾರತೀಯ ನರ್ಸಿಂಗ್ ಪರಿಷತ್ತು ಕೇಳುವುದು ಪಿಯುಸಿಯಲ್ಲಿ ಒಟ್ಟು ಶೇ 40, ಜೊತೆಗೆ ಇಂಗ್ಲಿಷ್ ಒಂದರಲ್ಲೇ ಶೇ 40. ನಿನ್ನ ಒಟ್ಟು ಶೇ 42.5. ಇಂಗ್ಲಿಷಿನಲ್ಲಿ ಒಂದೇ ಒಂದು ಅಂಕ ಹೆಚ್ಚಿಗೆ ಬಂದು ನಿನ್ನನ್ನು ದಡ ಹತ್ತಿಸಿದೆ. ಸೈನ್ಸೇ ಆಗಬೇಕೆಂದಿಲ್ಲ, ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು. ವಯಸ್ಸು 17 ತುಂಬಿರಬೇಕು, 35 ದಾಟಿರಬಾರದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಅಂಕದಲ್ಲಿ ಶೇ 5ರಷ್ಟು ವಿನಾಯಿತಿಯೂ ಇದೆ. ಒಂದೇ ಸಲಕ್ಕೆ ಪಾಸಾದೆಯಾ, ಎರಡನೇ ಸಲಕ್ಕಾ ಅನ್ನುವುದು ಅರ್ಹತೆಯ ಮಾತೇ ಅಲ್ಲ. ನಾನೂ ಪಿಯುಸಿಯಲ್ಲಿ ಒಮ್ಮೆ ಡುಮ್ಕಿ ಹೊಡೆದವಳು. ನಿವೃತ್ತಿಯ ದಿನ ಹಾರ ಹಾಕಿದವರಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ.

ನಿನ್ನ ಮಾವನವರ ಮಾತಿಗೆ ಬರೋಣ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷದ್ದು. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಆರ್ಟ್ಸ್‌ನವರಿಗೆ ಶೇ 90 ಬಂದಿದ್ದರೂ ಆ ಬಾಗಿಲು ತೆರೆಯುವುದಿಲ್ಲ, ಹಾಗಾಗಿ ಅದಕ್ಕೆ ನಿನ್ನ ಅಂಕವನ್ನು ಬೈದು ಫಲವಿಲ್ಲ. ಜಿಎನ್‌ಎಂ ಮುಗಿಸಿ ನೋಂದಣಿ ಮಾಡಿಸಿಕೊಂಡ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಇದೆ. ಮೂರಕ್ಕೆ ಎರಡು ಸೇರಿ ಐದು ವರ್ಷಕ್ಕೆ ನೀನೂ ಬಿಎಸ್ಸಿಯವಳೇ, ನಡುವೆ ಕೆಲಸಕ್ಕೂ ಸೇರಬಹುದು. ಇದನ್ನು ಮಾವನವರಿಗೆ ಓದಿ ಹೇಳು.

ನನಗೆ ಸಿಟ್ಟು ಬಂದದ್ದು ಏಜೆಂಟನ ಮಾತಿಗೆ. ಜಿಎನ್‌ಎಂನಲ್ಲಿ ತರಗತಿಯ ಹಾಜರಿ ಶೇ 80 ಬೇಕು. ವಾರ್ಡಿನ ಹಾಜರಿ ಮಾತ್ರ ಶೇ 100. ಜ್ವರ ಬಂದು ರಜೆ ಹಾಕಿದರೂ ಆ ದಿನವನ್ನು ಆಮೇಲೆ ತುಂಬಿಕೊಡಬೇಕು, ಇಲ್ಲವಾದರೆ ಡಿಪ್ಲೊಮಾ ಕೈಗೆ ಬರಬಾರದು. ‘ಪರೀಕ್ಷೆಗೆ ಬಂದರೆ ಸಾಕು’ ಅನ್ನುವ ಕಡೆ ಆ ಹಾಜರಿಯನ್ನು ಯಾರೋ ಕೂತು ಬರೆಯುತ್ತಾರೆ ಅಂತಲೇ ಅರ್ಥ. ಅಂಥ ಒಂದು ಕಡೆಯಿಂದ ಪಾಸಾಗಿ ಬಂದ ಹುಡುಗಿ ನಮ್ಮ ವಾರ್ಡಿಗೆ ಸ್ಟಾಫ್ ಆಗಿ ಸೇರಿದ್ದಳು. ಒಳ್ಳೆಯ ಮನೆತನದ, ಮೆತ್ತಗಿನ ಹುಡುಗಿ. ಮೊದಲ ರಾತ್ರಿ ಪಾಳಿಯಲ್ಲಿ ಡ್ರಿಪ್ ಸೆಟ್ ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತು ಅತ್ತಳು. ಪುಸ್ತಕದಲ್ಲಿ ಬಿಟ್ಟರೆ ಅವಳು ಅದನ್ನು ನೋಡೇ ಇರಲಿಲ್ಲ. ಅವಳಿಗೆ ಕಲಿಸಿದೆವು, ಅದು ಬೇರೆ ಮಾತು. ಆದರೆ ಎಲ್ಲ ಕಡೆ ಕಲಿಸುವವರಿರುವುದಿಲ್ಲ, ಮಂಚದ ಮೇಲಿನ ಜೀವ ಕಾಯುವುದೂ ಇಲ್ಲ.

ಹಾಗಾದರೆ ಎಲ್ಲಿ ಸೇರುವುದು? ಮೊದಲು ನಿನ್ನ ಜಿಲ್ಲೆಯಲ್ಲಿ, ಪಕ್ಕದ ಜಿಲ್ಲೆಗಳಲ್ಲಿ ಹುಡುಕು. ಸರ್ಕಾರಿ ನರ್ಸಿಂಗ್ ಶಾಲೆಗಳಿಗೆ ಅರ್ಜಿ ಕರೆಯುವುದನ್ನು ಪತ್ರಿಕೆಯಲ್ಲಿ ನೋಡುತ್ತಿರು. ಅಲ್ಲಿ ಸ್ಪರ್ಧೆ ಇರುತ್ತದೆ, 42.5 ಸಾಲದೆ ಹೋಗಬಹುದು, ಆದರೂ ಅರ್ಜಿ ಹಾಕು. ಖಾಸಗಿಯದಾದರೆ ಆ ಶಾಲೆ ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪಟ್ಟಿಯಲ್ಲಿದೆಯೇ, ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಸಿಗುತ್ತದೆಯೇ ಎಂದು ನೀನೇ ಕೇಳಿ ತಿಳಿದುಕೋ. ಆಮೇಲೆ ನನ್ನದೊಂದು ಹಳೆಯ ಉಪಾಯವಿದೆ. ವಾರದ ನಡುವೆ ಒಂದು ದಿನ ನಸುಕಿನ ಬಸ್ಸು ಹಿಡಿದು, ಅವರು ‘ನಮ್ಮ ಆಸ್ಪತ್ರೆ’ ಅನ್ನುವ ಕಟ್ಟಡದ ಗೇಟಿನ ಹತ್ತಿರ ಏಳೂವರೆಗೆ ನಿಂತುಕೋ. ಯೂನಿಫಾರಂ ಹಾಕಿದ ಹುಡುಗಿಯರು ಒಳಗೆ ಹೋಗುತ್ತಾರಾ? ಹೊರಗೆ ಟಿಫಿನ್ ಕ್ಯಾರಿಯರ್ ಹಿಡಿದ ರೋಗಿಗಳ ಮನೆಯವರು ಇದ್ದಾರಾ? ಎರಡೂ ಕಾಣದಿದ್ದರೆ ಅದೇ ಬಸ್ಸಿಗೆ ವಾಪಸು ಬಾ. ಒಬ್ಬ ವಿದ್ಯಾರ್ಥಿನಿಗೆ ಮೂವರು ರೋಗಿಗಳಾದರೂ ಇರಬೇಕೆಂಬ ಲೆಕ್ಕವಿದೆ. ಖಾಲಿ ಮಂಚದ ಮೇಲೆ ಚಾದರ ಹಾಸಿ ನರ್ಸಿಂಗ್ ಕಲಿಯಲಾಗುವುದಿಲ್ಲ.

ಒರಿಜಿನಲ್ ಮಾರ್ಕ್ಸ್ ಕಾರ್ಡು ಏಜೆಂಟನ ಕೈಗೆ ಹೋದರೆ ನಿನ್ನ ಜುಟ್ಟು ಅವನ ಕೈಯಲ್ಲಿ. ನಡುವೆ ಬಿಡುತ್ತೇನೆಂದರೆ ಪೂರ್ತಿ ಫೀ ಕಟ್ಟು ಅನ್ನುತ್ತಾರೆ, ಬೇರೆ ಕಡೆ ಸೇರಲಾಗದೆ ಎರಡು ವರ್ಷ ಮನೆಯಲ್ಲಿ ಕೂತವರನ್ನು ಬಲ್ಲೆ. ಹಣ ಕಟ್ಟುವುದಿದ್ದರೆ ಶಾಲೆಯ ಕೌಂಟರಿನಲ್ಲಿ ಕಟ್ಟು, ರಸೀದಿ ತಗೋ. ವಿದ್ಯಾರ್ಥಿವೇತನದ ಅರ್ಜಿಯನ್ನೂ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನೀನೇ ಹಾಕು; ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸು.

ಇನ್ನು ಇಂಗ್ಲಿಷು. ಹೆದರಿಕೆ ಸುಳ್ಳಲ್ಲ. ಮೊದಲ ವರ್ಷವೇ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಬರುತ್ತವೆ, ಪಾಸಾಗಲು ಶೇ 50 ಬೇಕು. ಪಿಯುಸಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆದರೆ ವಾರ್ಡಿನ ಇಂಗ್ಲಿಷ್ ಬೇರೆ, ಅದು ಚಿಕ್ಕದು. ನಾನು ಸೇರಿದ ಹೊಸತರಲ್ಲಿ ಒಬ್ಬ ಅಜ್ಜನ ಮಂಚಕ್ಕೆ ‘ಎನ್‌ಬಿಎಂ’ ಎಂದು ಬರೆದ ರಟ್ಟು ತೂಗುಬಿಟ್ಟಿದ್ದರು. ಅಜ್ಜನ ಹೆಸರಿನ ಇನಿಶಿಯಲ್ ಇರಬೇಕು ಅಂದುಕೊಂಡೆ. ಹಸಿವೆ ಎಂದರು, ಪಾಪ ಅನ್ನಿಸಿ ಎರಡು ಇಡ್ಲಿ, ಒಂದು ಲೋಟ ಚಹಾ ಕೊಟ್ಟೆ. ಬಾಯಿಗೆ ಏನೂ ಹಾಕಬಾರದು ಎಂದು ಅದರ ಅರ್ಥ; ಅರ್ಧ ತಾಸಿಗೆ ಅವರ ಹರ್ನಿಯಾ ಆಪರೇಷನ್ ಇತ್ತು. ಮುಂದಕ್ಕೆ ಹೋಯಿತು. ಸರ್ಜನ್ ಬೈದದ್ದು ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ. ಅಜ್ಜ ಮಾತ್ರ ‘ಇಡ್ಲಿ ಚಲೋ ಇತ್ತು, ಆ ಹುಡುಗಿಗೆ ಬೈಬ್ಯಾಡ್ರಿ’ ಅಂದರು. ಅವತ್ತು ಸಂಜೆ ಒಂದು ನೋಟ್‌ಬುಕ್ ಮಾಡಿದೆ: ಬಿಡಿ ಅಂದರೆ ದಿನಕ್ಕೆ ಎರಡು ಸಲ, ಟಿಡಿಎಸ್ ಮೂರು ಸಲ, ಎಚ್‌ಎಸ್ ಮಲಗುವಾಗ, ಎಸ್‌ಒಎಸ್ ಬೇಕಾದಾಗ ಮಾತ್ರ. ಎಡಕ್ಕೆ ಇಂಗ್ಲಿಷು, ಬಲಕ್ಕೆ ಕನ್ನಡ. ದಿನಕ್ಕೆ ಹತ್ತು ಪದ. ನೀನು ಇವತ್ತೇ ಶುರುಮಾಡು. ಅಜ್ಜಿಯ ಔಷಧ ಚೀಟಿಗಳು ಮನೆಯಲ್ಲಿವೆಯಲ್ಲ, ಅವೇ ಮೊದಲ ಪಾಠ.

ಲೆಕ್ಕವನ್ನೂ ಬಿಡಬೇಡ. 500 ಎಂಎಲ್ ಸಲೈನ್ ನಾಲ್ಕು ತಾಸಿನಲ್ಲಿ ಹೋಗಬೇಕು, ಸೆಟ್‌ನಲ್ಲಿ ಒಂದು ಎಂಎಲ್‌ಗೆ 20 ಹನಿ. ಒಟ್ಟು 10,000 ಹನಿ, 240 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಸುಮಾರು 42. ಏಳನೇ ತರಗತಿಯ ಗಣಿತ ಅಷ್ಟೇ, ಆದರೆ ರಾತ್ರಿ ಮೂರು ಗಂಟೆಗೆ ನಿದ್ದೆಗಣ್ಣಿನಲ್ಲಿ ತಪ್ಪದೆ ಬರಬೇಕು.

ಸಂದರ್ಶನವೇನಾದರೂ ಇದ್ದು ‘ಎರಡು ವರ್ಷ ಏನು ಮಾಡಿದೆ’ ಅಂದರೆ ತಲೆ ತಗ್ಗಿಸಬೇಡ. ಅಜ್ಜಿಯ ಹುಣ್ಣು ಮೊದಲು ಎಷ್ಟು ಅಗಲ ಇತ್ತು, ಎಷ್ಟು ತಾಸಿಗೊಮ್ಮೆ ಮಗ್ಗುಲು ಬದಲಿಸಿದೆ, ಎಷ್ಟು ದಿನಕ್ಕೆ ಮಾಯಿತು, ಇದನ್ನೇ ಹೇಳು. ಕನ್ನಡದಲ್ಲೇ ಹೇಳು. ಕೇಳುವವರು ವಾರ್ಡಿನಲ್ಲಿ ದುಡಿದವರಾದರೆ ಪೆನ್ನು ಕೆಳಗಿಟ್ಟು ಕೇಳುತ್ತಾರೆ.

ಏಜೆಂಟ್ ಮುಂದಿನ ತಿಂಗಳು ಬಂದಾಗ ಚಹಾ ಕೊಟ್ಟು ಕಳಿಸು. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಕೂಡ ಕೊಡಬೇಡ.