ಪೊನ್ನನಿಗೆ ಚಕ್ರವರ್ತಿ ಬಿರುದು, ಪಂಪನಿಗೆ ಒಂದು ಊರು

ಓದುಗರ ಪತ್ರ: 'ಪದ್ಮಭೂಷಣ ಎಸ್.ಎಲ್. ಭೈರಪ್ಪನವರಿಗೆ ಜ್ಞಾನಪೀಠ ತಪ್ಪಿಸಿದವರು ಯಾರೆಂಬುದು ಎಲ್ಲರಿಗೂ ಗೊತ್ತು. ಈಗಲಾದರೂ ಮರಣೋತ್ತರವಾಗಿ ಭಾರತರತ್ನ ಕೊಡಬೇಕೆಂದು ನಿಮ್ಮ ಪತ್ರಿಕೆ ಬರೆಯುತ್ತದೆಯೋ, ಕಲಬುರಗಿಯ ಬುದ್ಧಿಜೀವಿಗಳಿಗೆ ಹೆದರಿ ಸುಮ್ಮನಿರುತ್ತದೆಯೋ? ನಾನು ಆವರಣವನ್ನು ಮೂರು ಸಲ ಓದಿದ್ದೇನೆ. ಉಳಿದವು ಇನ್ನೂ ಆಗಿಲ್ಲ.' (ಸೇಡಂನಿಂದ ಓದುಗರೊಬ್ಬರು)

ಸಂಪಾದಕರ ಉತ್ತರ:

ಹೆದರಿಕೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಕಲಬುರಗಿಯ ಬುದ್ಧಿಜೀವಿಗಳು ನಮಗೆ ಚಂದಾ ಕಳಿಸುವುದನ್ನು ಮರೆತು ಎಷ್ಟೋ ವರ್ಷಗಳಾದವು. ಅವರಿಗೆ ಹೆದರಿ ನನಗೆ ಆಗಬೇಕಾದದ್ದು ಏನೂ ಇಲ್ಲ. 2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡಾಗ ಎರಡು ಪುಟ ಬರೆದೆವು. ಅದು ಸಾಲದೆಂದು ನಿಮ್ಮ ಪತ್ರ ಬಂತು. ಅದೇ ದಿನದ ಅಂಚೆಯಲ್ಲಿ ಶಹಾಪುರದಿಂದ ಒಂದು ಕಾರ್ಡು, ಎರಡು ಪುಟ ಯಾಕೆ ಹಾಳು ಮಾಡಿದಿರಿ ಎಂದು. ಎರಡನ್ನೂ ಒಂದೇ ಗುಂಡುಪಿನ್ನಿಗೆ ಚುಚ್ಚಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಇನ್ನೊಂದು ಸಣ್ಣ ವಿಷಯ. ಹೆಸರಿನ ಹಿಂದೆ 'ಪದ್ಮಭೂಷಣ' ಅಂಟಿಸುವಂತಿಲ್ಲ. ಇವು ಗೌರವಗಳೇ ಹೊರತು ಬಿರುದುಗಳಲ್ಲ, ಹೆಸರಿನ ಹಿಂದೆಮುಂದೆ ಬಳಸಬಾರದು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನಿಮ್ಮ ಪತ್ರವನ್ನು ತಿದ್ದದೆ ಅಚ್ಚು ಹಾಕಿದ್ದೇನೆ, ನೀವು ಇದನ್ನು ನೋಡಲಿ ಎಂದೇ.

ಜ್ಞಾನಪೀಠ ಅವರಿಗೆ ಸಲ್ಲಬೇಕಿತ್ತು. ದಾಟು, ಪರ್ವ, ಮಂದ್ರ ಈ ಮೂರು ಕಾದಂಬರಿಗಳನ್ನೇ ತಕ್ಕಡಿಗೆ ಹಾಕಿದರೂ ಸಾಕಿತ್ತು. ಅವರ ಅಭಿಪ್ರಾಯಗಳ ಕಾರಣಕ್ಕೆ ಅದು ತಪ್ಪಿದ್ದರೆ, ತಪ್ಪಿಸಿದವರ ಪರವಾಗಿ ಹೇಳಲು ನನ್ನಲ್ಲಿ ಮಾತಿಲ್ಲ. ಆದರೆ 'ಎಲ್ಲರಿಗೂ ಗೊತ್ತು' ಎನ್ನುತ್ತೀರಲ್ಲ, ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಒಂದು ಭಾಷೆಗೆ ಬಂದ ಮೇಲೆ ಮುಂದಿನ ಎರಡು ವರ್ಷ ಆ ಭಾಷೆಯನ್ನು ಪರಿಗಣಿಸುವುದಿಲ್ಲ. ಕನ್ನಡಕ್ಕೆ 1990ರಲ್ಲಿ ಗೋಕಾಕ, 1994ರಲ್ಲಿ ಅನಂತಮೂರ್ತಿ, 1998ರಲ್ಲಿ ಕಾರ್ನಾಡರ ಮೂಲಕ ಅದು ಬಂತು. ಆ ಸರತಿಯಲ್ಲಿ ಅವರ ಹೆಸರು ಎಲ್ಲಿ ನಿಂತಿತ್ತೋ, ಒಳಗಿದ್ದವರು ಹೇಳಬೇಕು. ಹಾಗೆಂದು ದೇಶ ಅವರನ್ನು ಕಡೆಗಣಿಸಿತು ಎನ್ನುವುದೂ ನಿಲ್ಲುವುದಿಲ್ಲ. ದಾಟುವಿಗೆ 1975ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ, ಮಂದ್ರಕ್ಕೆ 2010ರ ಸರಸ್ವತಿ ಸಮ್ಮಾನ, 2016ರಲ್ಲಿ ಪದ್ಮಶ್ರೀ, 2023ರಲ್ಲಿ ಪದ್ಮಭೂಷಣ. ಕನ್ನಡದಲ್ಲಿ ಇಷ್ಟು ಪಡೆದವರನ್ನು ಎಣಿಸಲು ಎರಡೂ ಕೈಯ ಬೆರಳು ಬೇಡ.

ನಾನು ದಾಟು ಓದಿದ್ದು ಜೇವರ್ಗಿಯಲ್ಲಿ, ಗ್ರಂಥಾಲಯದ ಪ್ರತಿ. ಕೆಂಪು ರೆಕ್ಸಿನ್ ಹೊದಿಸಿ ದಾರದಲ್ಲಿ ಹೊಲಿದಿದ್ದರು, ಬೆನ್ನು ಬಿಟ್ಟಿತ್ತು. ಅರ್ಚಕರ ಮಗಳು ಸತ್ಯಭಾಮೆ ಗೌಡರ ಮನೆಯ ಶ್ರೀನಿವಾಸನನ್ನು ಮದುವೆಯಾಗಲು ಹೊರಡುವ ಭಾಗದ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: 'ನಮ್ಮ ಕಡೆ ಇಂಥದ್ದು ನಡೆಯುವುದಿಲ್ಲ.' ಅದರ ಕೆಳಗೆ ನೀಲಿ ಶಾಯಿಯಲ್ಲಿ ಬೇರೊಂದು ಕೈ: 'ನಡೆದಿದೆ. ನಮ್ಮ ಓಣಿಯಲ್ಲೇ.' ಅದಕ್ಕೂ ಕೆಳಗೆ ಮತ್ತೆ ಪೆನ್ಸಿಲು: 'ಆಮೇಲೆ ಏನಾಯಿತು?' ಅದಕ್ಕೆ ಉತ್ತರವಿರಲಿಲ್ಲ. ಉಳಿದ ಪುಟಗಳ ಅಂಚನ್ನೆಲ್ಲ ಹುಡುಕಿದೆ. ಪುಸ್ತಕ ವಾಪಸು ಕೊಟ್ಟು ಎರಡು ತಿಂಗಳ ಮೇಲೆ ಮತ್ತೆ ತಂದೆ, ಯಾರಾದರೂ ಬರೆದಿರಬಹುದೆಂದು. ಹಳೇ ಮೈಸೂರು ಸೀಮೆಯ ಕಥೆಯೊಂದು ಜೇವರ್ಗಿಯ ಇಬ್ಬರನ್ನು ಹೀಗೆ ಕಟ್ಟಿ ಹಾಕಿತ್ತು.

ಮುಸ್ಲಿಂ ಅರಸರ ಕಾಲದ ಇತಿಹಾಸವನ್ನು ಕೆದಕುವ ಆವರಣ 2007ರಲ್ಲಿ ಬಂದಾಗ ನನಗೆ ಹಾಗಾಗಲಿಲ್ಲ. ಕಾದಂಬರಿಯ ಒಳಗೇ ಆಕರ ಗ್ರಂಥಗಳ ಉದ್ದನೆಯ ಪಟ್ಟಿ ಕಂಡಾಗ, ಇದು ನ್ಯಾಯಾಲಯಕ್ಕೆ ಹೊರಟ ಪುಸ್ತಕ ಎನಿಸಿತು. ಪಾತ್ರಗಳೂ ವಕೀಲರಂತೆಯೇ ಮಾತಾಡುತ್ತವೆ. ಕಲಬುರಗಿಯಲ್ಲಿ ಸೂಫಿ ಸಂತ ಬಂದೇನವಾಜರ ಉರುಸಿಗೂ ಶರಣಬಸವೇಶ್ವರರ ತೇರಿಗೂ ಅದೇ ತಗಡಿನ ಡಬ್ಬಿಗಳನ್ನು ಹೊತ್ತು ತಂದು ಮಿಠಾಯಿ ಅಂಗಡಿ ಹಾಕುವವನಿಗೆ ಆ ಕಾದಂಬರಿಯಲ್ಲಿ ಕೂರಲು ಜಾಗವಿಲ್ಲ. ಅವನು ಯಾವ ಪಕ್ಷದ ಸಾಕ್ಷಿಯೂ ಅಲ್ಲವಲ್ಲ! ಇದನ್ನು ಆಗಲೇ ಬರೆದಿದ್ದೆ, ಬೈಗುಳವನ್ನೂ ತಿಂದಿದ್ದೆ. ಹಾಗೆಂದು ಆ ಒಂದು ಪುಸ್ತಕಕ್ಕಾಗಿ ಹಿಂದಿನ ಅಷ್ಟನ್ನೂ ಹೊಳೆಗೆ ಹಾಕುವ ಶಹಾಪುರದವರ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಈಗ ಭಾರತರತ್ನ. ಅದಕ್ಕೆ ಅರ್ಜಿಯೂ ಬೇಡ, ಆಯ್ಕೆ ಸಮಿತಿಯೂ ಇಲ್ಲ. ಪ್ರಧಾನಿ ಶಿಫಾರಸು ಮಾಡುತ್ತಾರೆ, ರಾಷ್ಟ್ರಪತಿ ಕೊಡುತ್ತಾರೆ. ಹಣವಿಲ್ಲ, ಅರಳಿ ಎಲೆಯಾಕಾರದ ಪದಕವೊಂದು, ಜೊತೆಗೆ ಸನದು. ಮರಣೋತ್ತರಕ್ಕೂ ಅಡ್ಡಿಯಿಲ್ಲ, 1966ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಂದ ಅದು ಶುರುವಾಯಿತು. ಆದರೆ ಕಾದಂಬರಿಕಾರ ಎಂಬ ಕಾರಣಕ್ಕೆ ಅದು ಈವರೆಗೆ ಯಾರಿಗೂ ಸಿಕ್ಕಿಲ್ಲ. 2024ರಲ್ಲಿ ಪಡೆದ ಪಿ.ವಿ. ನರಸಿಂಹರಾಯರು ಕಾದಂಬರಿ ಬರೆದಿದ್ದರು ನಿಜ, ಕೊಟ್ಟದ್ದು ಅದಕ್ಕಲ್ಲ. ಕುವೆಂಪು, ಬೇಂದ್ರೆ, ಕಾರಂತ ಯಾರಿಗೂ ಇಲ್ಲ. ಕಾರಂತರಂತೂ ತುರ್ತುಪರಿಸ್ಥಿತಿಯಲ್ಲಿ ಕೈಗೆ ಬಂದಿದ್ದ ಪದ್ಮಭೂಷಣವನ್ನೇ ಹಿಂದಿರುಗಿಸಿದರು.

ನಾಳೆ ಭೈರಪ್ಪನವರಿಗೆ ಕೊಟ್ಟರು ಎಂದೇ ಇಟ್ಟುಕೊಳ್ಳಿ. ನಾಡಿದ್ದು ಒಂದು ವೃತ್ತಕ್ಕೆ ಅವರ ಹೆಸರು, ಆಚೆ ನಾಡಿದ್ದು ಅದರ ಎದುರು ಧರಣಿ. ನಿಮ್ಮ ಕಡೆಯವರಿಗೆ ಗೆದ್ದ ಸಂತೋಷ, ಪುಸ್ತಕ ತೆರೆಯುವ ಗೊಡವೆ ಇರುವುದಿಲ್ಲ. ಶಹಾಪುರದವರು ಮತ್ತೆಂದೂ ದಾಟು ಮುಟ್ಟುವುದಿಲ್ಲ. ಹಾಗಾಗಿ ಈ ಬೇಡಿಕೆಗೆ ನಮ್ಮ ಸಂಪಾದಕೀಯ ದನಿಗೂಡಿಸುವುದಿಲ್ಲ. ಅವರು ಅನರ್ಹರೆಂದು ಇದರ ಅರ್ಥ ಮಾಡಬೇಡಿ. ಈಗಾಗಲೇ ಅರ್ಧ ಓದುಗರನ್ನು ಕಳೆದುಕೊಂಡಿರುವ ಲೇಖಕನಿಗೆ ಉಳಿದವರನ್ನೂ ಇಲ್ಲವಾಗಿಸುವ ಉಡುಗೊರೆ ಬೇಡ ಎನ್ನುತ್ತಿದ್ದೇನೆ.

ನಿಮ್ಮ ತಾಲ್ಲೂಕಿನ ಮಳಖೇಡವನ್ನೇ ನೋಡಿ. ಕಾಗಿಣಾ ದಂಡೆಯ ಆ ಕೋಟೆಯ ಪಕ್ಕದಲ್ಲಿ ಇಂದು ಸಿಮೆಂಟ್ ಲಾರಿಗಳು ಧೂಳೆಬ್ಬಿಸುತ್ತವೆ. ಹತ್ತನೆಯ ಶತಮಾನದಲ್ಲಿ ದೇಶದ ದೊಡ್ಡ ಗೌರವ ಸಿಗುತ್ತಿದ್ದದ್ದು ಅಲ್ಲಿ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಪೊನ್ನನಿಗೆ 'ಉಭಯಕವಿ ಚಕ್ರವರ್ತಿ' ಎಂಬ ಬಿರುದು ಕೊಟ್ಟ. ಪೊನ್ನನೂ ಸಂಕೋಚದ ಮನುಷ್ಯನಲ್ಲ. ಕನ್ನಡದಲ್ಲಿ ಹಿಂದಿನ ಕವಿ ಅಸಗನಿಗಿಂತ ನೂರು ಮಡಿ, ಸಂಸ್ಕೃತದಲ್ಲಿ ಕಾಳಿದಾಸನಿಗಿಂತ ನಾಲ್ಕು ಮಡಿ ಮೇಲು ಎಂದು ತಾನೇ ಹೇಳಿಕೊಂಡವನು. ಪಂಪ ಇದ್ದದ್ದು ವೇಮುಲವಾಡದಲ್ಲಿ, ಅದೇ ರಾಷ್ಟ್ರಕೂಟರ ಸಾಮಂತ ಅರಿಕೇಸರಿಯ ಬಳಿ. ಅವನಿಗೆ ಸಿಕ್ಕಿದ್ದು ಧರ್ಮಪುರವೆಂಬ ಒಂದು ಅಗ್ರಹಾರ. ಚಕ್ರವರ್ತಿಯ ಗೌರವ ಒಬ್ಬನಿಗೆ, ಸಾಮಂತನದ್ದು ಇನ್ನೊಬ್ಬನಿಗೆ. ನಿಮ್ಮ ಮನೆಯಲ್ಲಿ ಯಾರ ಸಾಲು ಬಾಯಿಗೆ ಬರುತ್ತದೆ?

ಗೀತಾ ನಾಗಭೂಷಣರ ನೆನಪಾಗುತ್ತದೆ. ನಮ್ಮ ಸವಳಗಿಯಲ್ಲಿ ಹುಟ್ಟಿದವರು, ಬದುಕು ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪಡೆದವರು, 2010ರಲ್ಲಿ ಗದಗಿನ ಸಮ್ಮೇಳನದ ಅಧ್ಯಕ್ಷೆ. 2020ರ ಜೂನಿನಲ್ಲಿ ಅವರು ಹೋದಾಗ ಈ ಕಚೇರಿಗೆ ಬಂದ ಪತ್ರಗಳು ನಾಲ್ಕು. ಯಾರೂ ಯಾವ ರತ್ನವನ್ನೂ ಕೇಳಲಿಲ್ಲ. ಲಾಕ್‌ಡೌನ್ ಕಾಲ, ಅಂಚೆ ಸರಿಯಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಆವರಣವನ್ನು ನಾಲ್ಕನೆಯ ಸಲ ಓದಬೇಡಿ. ನನ್ನ ದಾಟು ಪ್ರತಿಯನ್ನು ಸೋಮವಾರ ಅಂಚೆಗೆ ಹಾಕುತ್ತೇನೆ. ಮಧ್ಯದ ಕೆಲವು ಹಾಳೆ ಸಡಿಲಾಗಿವೆ, ಹುಷಾರು. ಅಂಚಿನಲ್ಲಿ ಬರೆಯುವುದಾದರೆ ಪೆನ್ಸಿಲನ್ನೇ ಬಳಸಿ, ಜಾಗವನ್ನೂ ಉಳಿಸಿ. ಮುಗಿದ ಮೇಲೆ ನನಗೆ ವಾಪಸು ಕಳಿಸಬೇಡಿ. ಒಳಗೆ ಶಹಾಪುರದ ವಿಳಾಸ ಬರೆದ ಲಕೋಟೆ ಇಟ್ಟಿದ್ದೇನೆ. ಅವರನ್ನು ಕೇಳಿ ಆಗಿದೆ. ಬೈಯುತ್ತಲೇ ಒಪ್ಪಿದ್ದಾರೆ.

ಸಂಪಾದಕ