'ಸುಮ್ನಿರಿ ಅಂಕಲ್' ಅಂದವನಿಗೆ ಉತ್ತರ ಕೊಟ್ಟಿರಾ?

(ಧಾರವಾಡದ ಓದುಗರೊಬ್ಬರು ಬರೆದ ಪತ್ರಕ್ಕೆ ಸಂಪಾದಕರ ಉತ್ತರ. ಅವರು ಕೇಳಿಕೊಂಡಂತೆ ಹೆಸರು ಬಿಟ್ಟಿದ್ದೇವೆ. ಪತ್ರದ ಸಾರ ಇಷ್ಟು: 'ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಫೇಸ್‌ಬುಕ್‌ನಲ್ಲಿ ಗುರುತು ಪರಿಚಯ ಇಲ್ಲದವರ ಜೊತೆ ಭಾಷೆ, ವೇದಾಂತ, ರಾಜಕೀಯ, ಎಐ ಅಂತ ದಿನಾ ವಾದ ಮಾಡುತ್ತೇನೆ. ಇವತ್ತಿನವರೆಗೆ ಒಬ್ಬನೂ ಒಪ್ಪಿಲ್ಲ. ಮೊನ್ನೆ ಮಹಾಪ್ರಾಣ ಅಕ್ಷರಗಳ ಚರ್ಚೆಯಲ್ಲಿ ಒಬ್ಬ ಹುಡುಗ "ಸುಮ್ನಿರಿ ಅಂಕಲ್" ಅಂದ. ಮನೆಯವರು "ಯಾರ ಕೂಡ ಜಗಳಾ ಹಚ್ಚೀರಿ?" ಅಂತ ನಗುತ್ತಾರೆ. ಇದನ್ನೆಲ್ಲ ಬಿಟ್ಟುಬಿಡಲೇ? ನಿಮ್ಮ ಪತ್ರಿಕೆಯಾದರೂ ಇಂಥ ಚರ್ಚೆ ಯಾಕೆ ನಡೆಸಬಾರದು?')

ಮಾನ್ಯರೇ,

ಪತ್ರದ ಜೊತೆ ಆ ಚರ್ಚೆಯ ಪ್ರಿಂಟ್ ಕೂಡ ಕಳಿಸಿದ್ದೀರಿ. ಒಳ್ಳೆಯದೇ ಆಯಿತು. ಪತ್ರ ಮಾತ್ರ ಓದಿದ್ದರೆ ನಿಮ್ಮ ಪರವಾಗಿ ನಾಲ್ಕು ಸಮಾಧಾನದ ಮಾತು ಬರೆದು ಮುಗಿಸುತ್ತಿದ್ದೆ. ಪ್ರಿಂಟ್ ಪೂರ್ತಿ ಓದಿದ ಮೇಲೆ ಹಾಗೆ ಮಾಡಲು ಮನಸ್ಸು ಬರಲಿಲ್ಲ.

ಬಿಡಬೇಡಿ. ಅದು ನನ್ನ ನೇರ ಉತ್ತರ. ಆದರೆ ಈಗಿನ ರೀತಿಯಲ್ಲೇ ಮುಂದುವರಿಸಲೂ ಬೇಡಿ. ಯಾಕೆ ಅಂದರೆ, ಆ ಹಾಳೆಗಳಲ್ಲಿ ನೀವೂ ಆ ಹುಡುಗನೂ ಒಂದು ಸಲವೂ ಒಂದೇ ವಿಷಯದ ಬಗ್ಗೆ ಮಾತಾಡಿಲ್ಲ.

ಬೇರೆ ಓದುಗರಿಗಾಗಿ ವಿಷಯ ಏನು ಅಂತ ಹೇಳಿಬಿಡುತ್ತೇನೆ. ಖ, ಘ, ಛ, ಥ, ಧ, ಭ ಮುಂತಾದ ಮಹಾಪ್ರಾಣಗಳನ್ನು ಹೆಚ್ಚಿನ ಕನ್ನಡಿಗರು ದಿನದ ಮಾತಿನಲ್ಲಿ ಬೇರೆಯಾಗಿ ಉಚ್ಚರಿಸುವುದಿಲ್ಲ, ಹಾಗಾಗಿ ಬರಹದಲ್ಲೂ ಅವು ಬೇಡ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ ವಾದಿಸಿದರು. ಅವರ ಪ್ರಕಾರ ಋ, ಷ ಕೂಡ ಬೇಡ. 'ಭಾರತ' ಹೋಗಿ 'ಬಾರತ' ಆಗಬೇಕು. ಈ ಮಾತು ಬಂದಾಗಿನಿಂದ ಇಂಟರ್ನೆಟ್ಟಿನಲ್ಲಿ ಕನ್ನಡಿಗರ ನಡುವೆ ಇದರಷ್ಟು ಬಿಸಿ ಏರಿಸಿದ ವಿಷಯಗಳು ಕಡಿಮೆ.

ಇದು ಒಂದು ಪ್ರಶ್ನೆಯಲ್ಲ, ಮೂರು. ಜನ ಹೇಗೆ ಮಾತಾಡುತ್ತಾರೆ ಎನ್ನುವುದು ಒಂದು. ಅದನ್ನು ಕಿವಿಗೊಟ್ಟು ಕೇಳಿ, ರೆಕಾರ್ಡ್ ಮಾಡಿ ತೀರ್ಮಾನಿಸಬಹುದು. ಶಾಲೆಯಲ್ಲಿ ಯಾವ ಬರಹ ಕಲಿಸಬೇಕು ಎನ್ನುವುದು ಇನ್ನೊಂದು. ಅಲ್ಲಿ ಲಾಭ ನಷ್ಟ ತೂಗಬೇಕು. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: 'ನನ್ನ ಕನ್ನಡವನ್ನು ತಪ್ಪು ಅನ್ನಲು ನೀನ್ಯಾರು?' ನಿಮ್ಮ ಚರ್ಚೆಯನ್ನು ಉದ್ದಕ್ಕೂ ಎಳೆದದ್ದು ಈ ಮೂರನೆಯದೇ.

ಹುಡುಗ ತನ್ನ ಮೂರನೇ ಕಾಮೆಂಟಿನಲ್ಲಿ ಒಂದು ಮಾತು ಕೇಳಿದ್ದಾನೆ. ಮಗು ತಾನು ಆಡದ, ಮನೆಯಲ್ಲಿ ಕೇಳದ ಸದ್ದಿಗೆ ಕಾಗುಣಿತ ಉರು ಹೊಡೆದು, ತಪ್ಪಿದರೆ ಮಾರ್ಕ್ಸ್ ಕಳೆದುಕೊಳ್ಳುವುದರಿಂದ ಯಾರಿಗೆ ಲಾಭ? ಇಡೀ ಚರ್ಚೆಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ನೀವು ಪಂಪ, ಕುಮಾರವ್ಯಾಸರನ್ನು ಕರೆತಂದಿರಿ. ಅವನು ಮತ್ತೆ ಕೇಳಿದ. ನೀವು ಅವನ ಇಂಗ್ಲಿಷ್ ಪದಗಳನ್ನು ಎಣಿಸಿದಿರಿ. 'ಅಂಕಲ್' ಬಂದದ್ದು ಅದಾದ ಮೇಲೆ. ಅವನು ಹಾಗೆ ಅಂದದ್ದು ಸರಿಯಲ್ಲ, ನಿಜ. ಆದರೆ ಅಷ್ಟರಲ್ಲಿ ಅವನ ಪ್ರಶ್ನೆಗೆ ಎರಡು ಸಲ ಉತ್ತರ ತಪ್ಪಿಹೋಗಿತ್ತು.

ನಿಮ್ಮ ಕಡೆ ಗಟ್ಟಿ ಉತ್ತರ ಇಲ್ಲದೆ ಇರಲಿಲ್ಲ, ಅದೇ ಬೇಜಾರು. ತುರ್ಕಿ 1928ರಲ್ಲಿ ಲಿಪಿಯನ್ನೇ ಬದಲಿಸಿತು. ಮುಂದಿನ ತಲೆಮಾರಿಗೆ ಅಜ್ಜನ ಕಾಗದ ಓದಲು ಬರದಂತಾಯಿತು. ನಮ್ಮಲ್ಲಿ ಆಗುವುದು ಅಷ್ಟು ದೊಡ್ಡ ಬದಲಾವಣೆ ಅಲ್ಲ, ಒಪ್ಪುತ್ತೇನೆ. ಆದರೂ ಹಳೆಯ ಪುಸ್ತಕ, ಪಹಣಿ, ಹೆಸರುಗಳ ಗತಿ ಏನು ಎಂದು ಕೇಳಬಹುದಿತ್ತು. ಕಂಪ್ಯೂಟರಿಗೆ ಭ ಬೇರೆ, ಬ ಬೇರೆ. ಎರಡು ಬಗೆಯ ಬರಹ ಇದ್ದರೆ ಹುಡುಕಿದ್ದು ಅರ್ಧ ಸಿಗುವುದಿಲ್ಲ ಎನ್ನಬಹುದಿತ್ತು. ಅವನ ಕಡೆಯೂ ಬಲ ಇದೆ. ಪಕ್ಕದ ತಮಿಳು ಮಹಾಪ್ರಾಣಕ್ಕೆ ಬೇರೆ ಅಕ್ಷರ ಇಲ್ಲದೆ ಆರಾಮಾಗಿ ನಡೆದಿದೆ. 13ನೇ ಶತಮಾನದಲ್ಲೇ ವ್ಯಾಕರಣ ಬರೆದ ಕೇಶಿರಾಜ ಋ, ಶ, ಷ ಮುಂತಾದವನ್ನು ಹೊರಗಿಟ್ಟು ಕನ್ನಡಕ್ಕೆ 47 ಅಕ್ಷರ ಎಂದು ಲೆಕ್ಕ ಹಾಕಿದ್ದ. ಆದರೆ ಮಹಾಪ್ರಾಣಗಳನ್ನು ಅವನು ತೆಗೆಯಲಿಲ್ಲ! ನೋಡಿ, ಒಬ್ಬನೇ ಕೇಶಿರಾಜ ಇಬ್ಬರಿಗೂ ಸಾಕ್ಷಿ ಹೇಳಬಲ್ಲ. ಈ ಯಾವುದೂ ನಿಮ್ಮ ಚರ್ಚೆಯಲ್ಲಿ ಬರಲೇ ಇಲ್ಲ.

ಇದು ನಿಮ್ಮಿಬ್ಬರದೇ ಕಥೆ ಅಲ್ಲ. 2025ರ ಮೇ ತಿಂಗಳಲ್ಲಿ ನಟ ಕಮಲ್ ಹಾಸನ್ ಚೆನ್ನೈನಲ್ಲಿ 'ಕನ್ನಡ ಹುಟ್ಟಿದ್ದು ತಮಿಳಿನಿಂದ' ಎಂಬರ್ಥದ ಮಾತಾಡಿದರು. ಗಲಾಟೆ ಕೋರ್ಟಿನವರೆಗೆ ಹೋಯಿತು. ಭಾಷಾವಿಜ್ಞಾನದ ಮಟ್ಟಿಗೆ ಅದರ ಉತ್ತರ ಹತ್ತು ಸಾಲಿನದು. ತಮಿಳರು 'ಪಾಲ್' ಎಂದು ಹಳೆಯ ಪಕಾರ ಉಳಿಸಿಕೊಂಡರು, ನಮ್ಮಲ್ಲಿ ಅದು 'ಹಾಲು' ಆಯಿತು. ನಾವು 'ಕಿವಿ' ಎಂದು ಹಳೆಯ ಕಕಾರ ಉಳಿಸಿಕೊಂಡೆವು, ತಮಿಳಿನಲ್ಲಿ ಅದು 'ಚೆವಿ' ಆಯಿತು. ಇ, ಎ ಮುಂದೆ ಕ ಹೋಗಿ ಚ ಆಗುವುದು ಎಷ್ಟೋ ಭಾಷೆಗಳಲ್ಲಿ ನಡೆದಿದೆ, ಚ ತಿರುಗಿ ಕ ಆಗುವುದು ಹಾಗಲ್ಲ. ಒಬ್ಬರು ಕಳೆದುಕೊಂಡದ್ದು ಇನ್ನೊಬ್ಬರ ಹತ್ತಿರ ಇದೆ ಅಂದರೆ ಇವರು ತಾಯಿ ಮಗಳಲ್ಲ, ಒಂದೇ ಮೂಲದ ಅಕ್ಕತಂಗಿಯರು. ಆ ವಾರ ನನ್ನ ಫೋನಿಗೆ ಬಂದ ನೂರಾರು ಮೆಸೇಜುಗಳಲ್ಲಿ ಈ ಹತ್ತು ಸಾಲು ಎಲ್ಲೂ ಇರಲಿಲ್ಲ. ಯಾರಿಗೂ ಬೇಕಿರಲೂ ಇಲ್ಲ. ಅಲ್ಲಿ ನಡೆಯುತ್ತಿದ್ದದ್ದು ಮರ್ಯಾದೆಯ ಪ್ರಶ್ನೆ. ಮರ್ಯಾದೆಯ ಪ್ರಶ್ನೆ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಅದನ್ನು ಅದರ ಹೆಸರಿನಲ್ಲೇ ಕೇಳಬೇಕು, ಅಷ್ಟೇ.

ಗುರುತಿಲ್ಲದವರ ಜೊತೆ ವಾದ ಮಾಡುವುದು ಈ ಕಾಲದ ಚಟ ಅಂತ ಬರೆದಿದ್ದೀರಿ. ಅಲ್ಲವೇ ಅಲ್ಲ. ಶ್ರವಣಬೆಳಗೊಳದಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನವಿದೆ. ಅದರಲ್ಲಿ ಜೈನ ಆಚಾರ್ಯ ಸಮಂತಭದ್ರರ ಬಾಯಲ್ಲಿ ಒಂದು ಮಾತು ಬರುತ್ತದೆ. ಮೊದಲು ಪಾಟಲಿಪುತ್ರದಲ್ಲಿ ಭೇರಿ ಬಾರಿಸಿದೆ, ಆಮೇಲೆ ಮಾಳವ, ಸಿಂಧು, ಕಾಂಚಿ ಸುತ್ತಿದೆ, ಈಗ ಕರಹಾಟಕಕ್ಕೆ ಬಂದಿದ್ದೇನೆ, ವಾದ ಬೇಕು ಎಂದು ಹುಲಿಯ ಹಾಗೆ ತಿರುಗುತ್ತಿದ್ದೇನೆ ಎನ್ನುತ್ತಾರೆ. ಕರಹಾಟಕ ಅಂದರೆ ಇಂದಿನ ಕರಾಡ, ನಿಮ್ಮೂರಿಗೆ ದೂರವೇನಲ್ಲ.

ನನಗೆ ಹೆಚ್ಚು ಹಿಡಿಸುವುದು ಇನ್ನೊಂದು ಜಗಳ. ವಿಜಯನಗರದ ಕಾಲದಲ್ಲಿ ದ್ವೈತಿಗಳಾದ, ಅಂದರೆ ಮಾಧ್ವರಾದ, ವ್ಯಾಸತೀರ್ಥರು ಅದ್ವೈತವನ್ನು ಖಂಡಿಸಿ 'ನ್ಯಾಯಾಮೃತ' ಬರೆದರು. ಅದಕ್ಕೆ ಉತ್ತರ ಬಂದದ್ದು ದೂರದ ಕಾಶಿಯಿಂದ. ಬಂಗಾಳ ಮೂಲದ ಮಧುಸೂದನ ಸರಸ್ವತಿ ಆ ಗ್ರಂಥವನ್ನು ಎದುರಿಗಿಟ್ಟುಕೊಂಡು, ಹೆಚ್ಚುಕಮ್ಮಿ ಸಾಲು ಸಾಲಿಗೂ ಉತ್ತರ ಕೊಡುತ್ತ 'ಅದ್ವೈತಸಿದ್ಧಿ' ಬರೆದರು. ಅದಕ್ಕೆ ಮಾಧ್ವರ ಕಡೆಯಿಂದ ರಾಮಾಚಾರ್ಯರು 'ತರಂಗಿಣಿ' ಬರೆದರು. ಅದಕ್ಕೆ ಮತ್ತೆ ಅದ್ವೈತಿಗಳಿಂದ ಬ್ರಹ್ಮಾನಂದರ ಉತ್ತರ. ತಲೆಮಾರುಗಳ ಕಾಲ ನಡೆದ ಕಾಮೆಂಟ್ ಯುದ್ಧ ಅನ್ನಿ. ರಾಮಾಚಾರ್ಯರು ಗುರುತು ಮರೆಸಿಕೊಂಡು ಮಧುಸೂದನರ ಹತ್ತಿರವೇ ಶಿಷ್ಯರಾಗಿ ಓದಿ, ಆಮೇಲೆ ಖಂಡನೆ ಬರೆದರು ಎಂಬ ಕಥೆಯೂ ಇದೆ. ಫೇಕ್ ಅಕೌಂಟಿಗೂ ಪರಂಪರೆ ಇದೆ ಅಂತಾಯಿತು!

ಇವರು ಯಾರೂ ಎದುರಾಳಿಯನ್ನು ಒಪ್ಪಿಸಲಿಲ್ಲ. ಇವತ್ತಿಗೂ ದ್ವೈತಿಗಳು ದ್ವೈತಿಗಳೇ, ಅದ್ವೈತಿಗಳು ಅದ್ವೈತಿಗಳೇ. ಆದರೂ ಎರಡೂ ಕಡೆಯ ವಿದ್ಯಾರ್ಥಿಗಳು ಈ ಜಗಳವನ್ನು ಈಗಲೂ ಓದುತ್ತಾರೆ. ಯಾಕೆ ಅಂದರೆ ಅಲ್ಲಿ ಒಂದು ಶಿಸ್ತು ಇತ್ತು. ಮೊದಲು ಪೂರ್ವಪಕ್ಷ. ಎದುರಿನವನ ಮಾತನ್ನು ಅವನಷ್ಟೇ ಬಲವಾಗಿ ಹೇಳಬೇಕು, ಆಮೇಲೆ ಖಂಡಿಸಬೇಕು. ನಿಮ್ಮ ಹಾಳೆಗಳಲ್ಲಿ ನಾನು ಹುಡುಕಿದ್ದು ಇದನ್ನೇ. ಎರಡೂ ಕಡೆ ಸಿಗಲಿಲ್ಲ.

ವೇದಾಂತದ ಆಸಕ್ತಿ ಇರುವವರು ನೀವು, ತರ್ಕಶಾಸ್ತ್ರದ ಹಳೆಯ ಗ್ರಂಥ ನ್ಯಾಯಸೂತ್ರದ ವಿಂಗಡಣೆ ಗೊತ್ತೇ ಇರುತ್ತದೆ. ನಿಜ ತಿಳಿಯಲು ಮಾಡುವುದು ವಾದ. ಗೆಲ್ಲಲು ಮಾಡುವುದು ಜಲ್ಪ. ತನ್ನದೇನನ್ನೂ ಮುಂದಿಡದೆ ಬರೀ ಇನ್ನೊಬ್ಬನದನ್ನು ಕೆಡವುವುದು ವಿತಂಡ. ಸೋತ ಹಾಗೆ ಎಂದು ಲೆಕ್ಕ ಹಿಡಿಯುವ 22 ಸಂದರ್ಭಗಳನ್ನೂ ಅಲ್ಲಿ ಪಟ್ಟಿ ಮಾಡಿದ್ದಾರೆ, ನಿಗ್ರಹಸ್ಥಾನ ಅಂತ. ಅದರಲ್ಲಿ ಒಂದು ಅರ್ಥಾಂತರ, ಅಂದರೆ ಕೇಳಿದ್ದನ್ನು ಬಿಟ್ಟು ಬೇರೆ ಹೇಳುವುದು. ಮಗುವಿನ ಕಾಗುಣಿತಕ್ಕೆ ಪಂಪನನ್ನು ತಂದಿರಲ್ಲ, ಅದು. ಇನ್ನೊಂದು ಮತಾನುಜ್ಞೆ. ತನ್ನ ಮೇಲಿನ ಆರೋಪಕ್ಕೆ ಉತ್ತರ ಕೊಡದೆ 'ನೀನೂ ಹಾಗೇ ಮಾಡ್ತೀಯಲ್ಲ' ಅನ್ನುವುದು. ನೀವು ಇಂಗ್ಲಿಷ್ ಪದ ಎಣಿಸಿದ್ದಕ್ಕೆ ಹುಡುಗ ನಿಮ್ಮ 'ಬ್ಯಾಂಕು, ಪೆನ್ಶನ್ನು' ಎತ್ತಿ ಆಡಿದ್ದು ಅದೇ. ಟಿವಿಯ ರಾಜಕೀಯ ಚರ್ಚೆಗಳಲ್ಲಿ ಈ ಒಂದನ್ನು ಬಿಟ್ಟರೆ ಬೇರೇನೂ ಉಳಿದಿಲ್ಲ. ರಾಜಕೀಯದ ಬಗ್ಗೆ ಇದಕ್ಕಿಂತ ಜಾಸ್ತಿ ನಾನು ಹೇಳುವುದೂ ಇಲ್ಲ.

ಆಗ ಇದ್ದು ಈಗ ಇಲ್ಲದ್ದು ಮಧ್ಯಸ್ಥ. ಸಭೆ ಇತ್ತು, ಕೇಳಿ ತೀರ್ಪು ಹೇಳುವವರು ಇದ್ದರು. ಫೇಸ್‌ಬುಕ್‌ನಲ್ಲಿ ಯಾರ ಮಾತು ಮೇಲೆ ಬರಬೇಕು ಎಂದು ಆರಿಸುವುದು ಒಂದು ಪ್ರೋಗ್ರಾಂ. ಮಾತು ಸರಿಯೋ ತಪ್ಪೋ ಅದಕ್ಕೆ ಬೇಕಿಲ್ಲ, ಜನ ಅಲ್ಲೇ ನಿಂತರೆ ಸಾಕು. ಜಗಳ ಮುಗಿದರೆ ಅದಕ್ಕೆ ನಷ್ಟ. 2021ರ ಜೂನ್‌ನಲ್ಲಿ ಆದದ್ದು ನೆನಪಿದೆಯಾ? ಭಾರತದ ಅತಿ ಕೆಟ್ಟದಾಗಿ ಕಾಣುವ ಭಾಷೆ ಯಾವುದು ಎಂದು ಯಾರೋ ಇಂಗ್ಲಿಷಿನಲ್ಲಿ ಹುಡುಕಿದರೆ ಗೂಗಲ್ 'ಕನ್ನಡ' ಎಂದು ತೋರಿಸಿತು. ಗೂಗಲಿನಲ್ಲಿ ಕೂತ ಯಾರೂ ಹಾಗೆ ತೀರ್ಮಾನ ಮಾಡಿರಲಿಲ್ಲ. ಹೆಸರು ದೆಸೆ ಇಲ್ಲದ ಒಂದು ವೆಬ್‌ಸೈಟಿನ ಸಾಲನ್ನು ಯಂತ್ರ ಎತ್ತಿ ಉತ್ತರದ ಜಾಗದಲ್ಲಿ ಕೂರಿಸಿತ್ತು. ಕಂಪನಿ ಅದನ್ನು ತೆಗೆದು ಕ್ಷಮೆ ಕೇಳಿತು. ಆ ಪ್ರಶ್ನೆಗೆ ಉತ್ತರವೇ ಇಲ್ಲ ಎಂದು ಹೇಳಬಲ್ಲ ಒಬ್ಬ ಮನುಷ್ಯ ಅಲ್ಲಿ ಇರಲಿಲ್ಲ, ಅಷ್ಟೇ ಸಮಸ್ಯೆ. ಈಗ ಚಾಟ್‌ಜಿಪಿಟಿಯ ಉತ್ತರವನ್ನು ಅಂಟಿಸಿ 'ನೋಡಿ ಸಾಕ್ಷಿ' ಅನ್ನುವವರಿದ್ದಾರೆ. ನೀವೂ ಒಂದು ಕಡೆ ಅಂಟಿಸಿದ್ದೀರಿ. ಪ್ರಶ್ನೆಯನ್ನು ಸ್ವಲ್ಪ ವಾಲಿಸಿ ಕೇಳಿದರೆ ಅದು ಹುಡುಗನ ಪರವಾಗಿಯೂ ಅಷ್ಟೇ ಗಂಭೀರವಾಗಿ ಬರೆದುಕೊಡುತ್ತದೆ. ಬೇಕಾದರೆ ಕೇಳಿ ನೋಡಿ.

ತಂತ್ರಜ್ಞಾನದ ಚರ್ಚೆ ಮಾತ್ರ ಬೇಗ ಮುಗಿಯುತ್ತದೆ ಅನ್ನುವುದು ನಿಮ್ಮ ಅನುಭವ. ಅದು ಸರಿ, ಅಲ್ಲಿ ಪರೀಕ್ಷೆ ಮಾಡಿ ನೋಡಬಹುದು. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ, ಹೆಸರು ಕೊಡುವ ಯುನಿಕೋಡ್‌ನಲ್ಲಿ ನಮ್ಮ ಹಳೆಯ ೞ ಅಕ್ಷರಕ್ಕೆ ಇಂಗ್ಲಿಷಿನಲ್ಲಿ 'ಫ' ಎಂಬ ತಪ್ಪು ಹೆಸರು ಬಿದ್ದಿದೆ. ತಪ್ಪು ಅಂತ ತೋರಿಸಿದರೆ ಯಾರೂ ಜಗಳ ಆಡುವುದಿಲ್ಲ. ಒಮ್ಮೆ ಇಟ್ಟ ಹೆಸರು ಬದಲಿಸುವುದಿಲ್ಲ ಎಂಬ ನಿಯಮ ಇರುವುದರಿಂದ ತಪ್ಪು ಹೆಸರು ಹಾಗೇ ಇದೆ, ಪಕ್ಕದಲ್ಲಿ ಸರಿಯಾದದ್ದನ್ನೂ ಕಾಣಿಸಿದ್ದಾರೆ. ಆದರೆ 'ಎಐ ಬಂದು ಕೆಲಸ ಹೋಗುತ್ತಾ' ಎಂಬ ಚರ್ಚೆ ತಂತ್ರಜ್ಞಾನದ್ದಲ್ಲ. ಯಾರ ಕೆಲಸ, ಯಾರಿಗೆ ಲಾಭ ಎಂಬ ಪ್ರಶ್ನೆ ಅದು. ಕೋಡ್ ಗೊತ್ತಿರುವವರಿಗೆ ಅಲ್ಲಿ ಹೆಚ್ಚಿನ ಅಧಿಕಾರ ಏನೂ ಇಲ್ಲ.

ಒಬ್ಬನೂ ಒಪ್ಪಿಲ್ಲ ಅನ್ನುವ ನಿಮ್ಮ ಬೇಸರಕ್ಕೆ ಬರುತ್ತೇನೆ. ರೆಡ್ಡಿಟ್ ಎಂಬ ಚರ್ಚೆಯ ಜಾಲತಾಣದಲ್ಲಿ 'ನನ್ನ ಅಭಿಪ್ರಾಯ ಬದಲಿಸಿ' ಎಂದು ತಾವೇ ಕೇಳಿಕೊಂಡು ಬರುವವರ ಒಂದು ಗುಂಪಿದೆ. ಅಲ್ಲಿನ ಚರ್ಚೆಗಳನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ರಾಶಿ ಹಾಕಿಕೊಂಡು ನೋಡಿ 2016ರಲ್ಲಿ ವರದಿ ಮಾಡಿದರು. ಸ್ವಲ್ಪ ಮಾತು ಹೋಗಿ ಬಂದರೆ ಮನಸ್ಸು ಬದಲಾಗುವ ಸಾಧ್ಯತೆ ಇದೆ, ನಾಲ್ಕೈದು ಸುತ್ತು ದಾಟಿದರೆ ಅದು ಕುಸಿಯುತ್ತದೆ. ಎದುರಿನವನ ಪದಗಳನ್ನೇ ತಿರುಗಿಸಿ ಹೇಳುವವರಿಗಿಂತ ಹೊಸ ಪದ, ಹೊಸ ವಿಷಯ ತರುವವರು ಹೆಚ್ಚು ಒಪ್ಪಿಸುತ್ತಾರೆ. 'ಇರಬಹುದು', 'ನನಗೆ ಅನಿಸುವುದು' ಎಂಬ ಮೆದು ಮಾತೂ ಸಹಾಯ ಮಾಡುತ್ತದೆ. ಬದಲಾಗಲು ತಯಾರಾಗಿ ಬಂದವರ ಕಥೆ ಇದು. ಫೇಸ್‌ಬುಕ್‌ನಲ್ಲಿ ಸಿಗುವವರು ಹಾಗೆ ಬಂದವರಲ್ಲ. ನಿಮ್ಮ ಹಾಳೆಗಳಲ್ಲಿ ಸುತ್ತುಗಳನ್ನು ಎಣಿಸುವುದನ್ನು ನಾನು ಅರ್ಧಕ್ಕೇ ಬಿಟ್ಟೆ.

ಇನ್ನು ಪತ್ರಿಕೆ ಯಾಕೆ ಇಂಥ ಚರ್ಚೆ ನಡೆಸುವುದಿಲ್ಲ ಎಂಬ ಆಕ್ಷೇಪ. ಓದುಗರ ಪತ್ರಗಳ ಪುಟ ಇರುವುದೇ ಅದಕ್ಕೆ. ಆದರೆ ಅಲ್ಲಿ ಒಂದು ಪತ್ರಕ್ಕೆ ಉತ್ತರ ಬರಲು ಒಂದು ತಿಂಗಳು ಬೇಕು. ಇದು ನಮ್ಮ ದೌರ್ಬಲ್ಯ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸಿಲ್ಲ. ಒಂದು ತಿಂಗಳು ಸಿಟ್ಟು ಹಿಡಿದಿಟ್ಟುಕೊಳ್ಳುವುದು ಕಷ್ಟ. ಮೊದಲ ದಿನ ಬರೆದ ಪತ್ರವನ್ನೂ ವಾರ ಬಿಟ್ಟು ತಿದ್ದಿ ಕಳಿಸಿದ ಪತ್ರವನ್ನೂ ಕೈಗೆತ್ತಿಕೊಂಡ ಕೂಡಲೇ ಗುರುತಿಸಬಲ್ಲೆ.

ಹಾಗಾಗಿ ಒಂದು ಕೋರಿಕೆ. ಆ ಹುಡುಗನ ಮೂರನೇ ಕಾಮೆಂಟಿಗೆ ನೀವು ಆರುನೂರು ಪದಗಳಲ್ಲಿ ಉತ್ತರ ಬರೆಯಿರಿ. ಅವನಿಗೂ ಹೇಳಿ, ಅಷ್ಟೇ ಜಾಗ ಅವನಿಗೂ ಇದೆ. ಇಬ್ಬರದೂ ಅಕ್ಕಪಕ್ಕ ಅಚ್ಚಾಗುತ್ತದೆ. ಷರತ್ತು ಒಂದೇ. ಮೊದಲ ನೂರೈವತ್ತು ಪದಗಳಲ್ಲಿ ನೀವು ಅವನ ವಾದವನ್ನು ಬರೆಯಬೇಕು, ಅವನು ನಿಮ್ಮದನ್ನು. 'ಹೌದು, ನಾನು ಹೇಳಿದ್ದು ಇದೇ' ಎಂದು ಇಬ್ಬರೂ ಒಪ್ಪಿ ಸಹಿ ಹಾಕಿ ಕಳಿಸಬೇಕು. ಅದಕ್ಕಾಗಿ ನೀವಿಬ್ಬರೂ ಒಮ್ಮೆ ಫೋನಿನಲ್ಲಿ ಮಾತಾಡಬೇಕಾಗಬಹುದು, ಮಾತಾಡಿ. ಮುಂದಿನ ತಿಂಗಳ 20ರೊಳಗೆ ಸಿಕ್ಕರೆ ಅದರ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಕೈಬರಹವಾದರೂ ಅಡ್ಡಿಯಿಲ್ಲ. ಕಾಗುಣಿತವನ್ನು ನಾವು ಮುಟ್ಟುವುದಿಲ್ಲ. ನಿಮ್ಮ ಮಹಾಪ್ರಾಣಗಳು ನಿಮ್ಮ ಲೇಖನದಲ್ಲಿ ಇರುತ್ತವೆ. ಅವನು ಬಿಟ್ಟು ಬರೆದರೆ ಹಾಗೇ ಅಚ್ಚಾಗುತ್ತದೆ, ನಮ್ಮ ಕರಡು ತಿದ್ದುವವರಿಗೆ ಈಗಲೇ ಹೇಳಿಟ್ಟಿದ್ದೇನೆ.

– ಸಂಪಾದಕ