ಸರ್ಕಾರಿ ನೌಕರರ ಕಾರ್ಯಕ್ಷಮತೆ ಬಗ್ಗೆ ಪಿಎಚ್‌ಡಿ ಮಾಡಲು ಪ್ರಶ್ನಾವಳಿ ಹಂಚಿದರೆ ಸಾಕೇ?

ನೀವು ಕೇಳಿರುವುದು ಎರಡು ಪ್ರಶ್ನೆ. ನಿರ್ವಹಣಾಶಾಸ್ತ್ರದಲ್ಲಿ ಪಿಎಚ್‌ಡಿಗೆ ನೋಂದಣಿಯಾಗಿದೆ, ವಿಷಯ ಸರ್ಕಾರಿ ಕಚೇರಿಗಳಲ್ಲಿ ನೌಕರರ ಕಾರ್ಯಕ್ಷಮತೆ, ಗೈಡ್ 384 ಜನರಿಂದ ಪ್ರಶ್ನಾವಳಿ ತುಂಬಿಸಿ ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶ ತಂತ್ರಾಂಶಕ್ಕೆ ಹಾಕಿ ಎಂದಿದ್ದಾರೆ, ಅಷ್ಟು ಸಾಕೇ? ಖಾಸಗಿ ಕಂಪನಿಗಳ ಮೇಲೆ ನಡೆದ ಸಂಶೋಧನೆಯನ್ನು ಸರ್ಕಾರಕ್ಕೆ ಹಾಗೆಯೇ ತರಬಹುದೇ? ಸಾರ್ವಜನಿಕ ಆಡಳಿತ ಪಾಠ ಮಾಡುತ್ತಾ, ಇಂಥ ಪ್ರಬಂಧಗಳ ಮೌಲ್ಯಮಾಪನ ಮಾಡುತ್ತಾ ಬಂದವಳು ನಾನು. ಪದವಿ ಸಿಗಲು ಅಷ್ಟು ಸಾಕಾಗಬಹುದು. ಕಾರ್ಯಕ್ಷಮತೆಯ ಬಗ್ಗೆ ಏನಾದರೂ ತಿಳಿಯಬೇಕೆಂದರೆ ಸಾಲದು.

ಮೊದಲು ಆ 384ರ ವಿಷಯ ಮುಗಿಸಿಬಿಡೋಣ. ಕ್ರೆಜ್‌ಸಿ ಮತ್ತು ಮಾರ್ಗನ್ 1970ರಲ್ಲಿ ಪ್ರಕಟಿಸಿದ ಕೋಷ್ಟಕದ ಕೊನೆಯ ಸಾಲಿನಲ್ಲಿ ಈ ಸಂಖ್ಯೆ ಇದೆ: ಹತ್ತು ಲಕ್ಷ ಜನರ ಸಮೂಹಕ್ಕೆ 384 ಮಂದಿ. ಆ ಲೆಕ್ಕ ಹಾಕಿರುವುದು ಒಂದು ಶೇಕಡಾ ಪ್ರಮಾಣವನ್ನು ಅಂದಾಜು ಮಾಡುವುದಕ್ಕೆ, ಅದೂ ಪಟ್ಟಿಯಿಂದ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆರಿಸಿದ ಮಾದರಿಗೆ. ಪರಿಚಯದವರಿರುವ ನಾಲ್ಕು ಕಚೇರಿಗೆ ಹೋಗಿ, ಸಿಕ್ಕವರ ಕೈಯಲ್ಲಿ ತುಂಬಿಸಿಕೊಂಡು ಬಂದ 384 ಹಾಳೆಗಳಿಗೂ ಆ ಕೋಷ್ಟಕಕ್ಕೂ ಸಂಬಂಧವಿಲ್ಲ. ಅದೂ ಅಲ್ಲದೆ, ಒಂದು ಕಚೇರಿ ಚೆನ್ನಾಗಿ ನಡೆಯುತ್ತದೆ, ಪಕ್ಕದ್ದು ಯಾಕೆ ಇಲ್ಲ ಎಂಬುದು ನಿಮ್ಮ ಪ್ರಶ್ನೆಯಾದರೆ ಲೆಕ್ಕಕ್ಕೆ ಬರುವುದು ಕಚೇರಿಗಳ ಸಂಖ್ಯೆ. ಆಗ ನಿಮ್ಮ ಬಳಿ ಇರುವುದು ನಾಲ್ಕೇ ನಾಲ್ಕು.

ಇದಕ್ಕಿಂತ ದೊಡ್ಡ ತೊಂದರೆ ಪ್ರಶ್ನಾವಳಿಯ ಒಳಗೇ ಇದೆ. ಸಾಮಾನ್ಯವಾಗಿ ಭಾಗ 'ಬಿ'ಯಲ್ಲಿ "ನನ್ನ ಮೇಲಧಿಕಾರಿ ಪ್ರೋತ್ಸಾಹ ಕೊಡುತ್ತಾರೆ" ಎಂಬ ವಾಕ್ಯ ಇರುತ್ತದೆ, ಭಾಗ 'ಸಿ'ಯಲ್ಲಿ "ನಾನು ಕೆಲಸವನ್ನು ನಿಗದಿತ ಸಮಯಕ್ಕೆ ಮುಗಿಸುತ್ತೇನೆ" ಎಂದಿರುತ್ತದೆ. ಎರಡಕ್ಕೂ ಉತ್ತರಿಸುವವರು ಒಬ್ಬರೇ, ಹಾಳೆ ಒಂದೇ, ಕುಳಿತಿರುವ ಅರ್ಧ ಗಂಟೆಯೂ ಒಂದೇ. ಎಷ್ಟು ಒಪ್ಪುತ್ತೀರಿ ಎಂದು 1ರಿಂದ 5ರವರೆಗೆ ಅಂಕ ಹಾಕಬೇಕು. ಅವತ್ತು ಮನಸ್ಸು ಚೆನ್ನಾಗಿದ್ದರೆ ಎರಡಕ್ಕೂ 5, ಬೆಳಿಗ್ಗೆ ಯಾರೋ ಬೈದಿದ್ದರೆ ಎರಡಕ್ಕೂ 2. ಎಸ್‌ಪಿಎಸ್‌ಎಸ್ ಅದನ್ನೇ ಹಿಡಿದು 'ನಾಯಕತ್ವಕ್ಕೂ ಕಾರ್ಯಕ್ಷಮತೆಗೂ ಗಾಢ ಸಹಸಂಬಂಧ' ಎಂದು ತೋರಿಸುತ್ತದೆ (ಸಹಸಂಬಂಧ ಎಂದರೆ ಎರಡು ಅಳತೆಗಳು ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಸಂಖ್ಯೆ; 0 ಎಂದರೆ ಸಂಬಂಧವಿಲ್ಲ, 1 ಎಂದರೆ ಪೂರ್ಣ ಸಂಬಂಧ). ಒಂದೇ ಮೂಲದಿಂದ, ಒಂದೇ ವಿಧಾನದಿಂದ ಎರಡನ್ನೂ ಅಳೆದಾಗ ಹುಟ್ಟುವ ಈ ದೋಷವನ್ನು ಪೊಡ್ಸಕಾಫ್ ಮತ್ತು ಸಂಗಡಿಗರು 2003ರ ಲೇಖನದಲ್ಲಿ ವಿವರವಾಗಿ ಬರೆದಿದ್ದಾರೆ. ಮೊದಲು ಅದನ್ನು ಓದಿ. ಉತ್ತರಗಳ ಪರಸ್ಪರ ಹೊಂದಿಕೆ ತೋರಿಸುವ ಕ್ರಾನ್‌ಬಾಕ್ ಆಲ್ಫಾ ಎಂಬ ಸೂಚ್ಯಂಕ 0.9 ಬಂದಿದೆ, ಹಾಗಾಗಿ ಅಳತೆ ಸರಿಯಿದೆ ಎಂದು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ವಾದಿಸುವವರನ್ನು ನೋಡುತ್ತಲೇ ಇರುತ್ತೇನೆ. ಒಬ್ಬರು ಎಲ್ಲ ಪ್ರಶ್ನೆಗೂ 4, ಇನ್ನೊಬ್ಬರು ಎಲ್ಲಕ್ಕೂ 3 ಹಾಕಿದರೂ ಆಲ್ಫಾ ಏರುತ್ತದೆ. ಉತ್ತರಗಳು ಒಟ್ಟೊಟ್ಟಿಗೆ ಏರಿಳಿಯುತ್ತವೆ ಎಂದಷ್ಟೇ ಅದು ಹೇಳುತ್ತದೆ. ಅವು ನಿಜವೋ ಅಲ್ಲವೋ ಎಂದು ಹೇಳುವುದಿಲ್ಲ.

ಒಬ್ಬ ವಿದ್ಯಾರ್ಥಿನಿ ತಂದ ಕಟ್ಟೊಂದನ್ನು ಕೂತು ನೋಡಿದ್ದೆ. ಒಂದು ಶಾಖೆಯಿಂದ ಬಂದ ಹಾಳೆಗಳಲ್ಲಿ ಟಿಕ್ಕುಗಳು 4ರ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ನೆಟ್ಟಗೆ ಇಳಿದಿದ್ದವು. "ಈ ಕೆಲಸದಲ್ಲಿ ನನಗೆ ಪೂರ್ಣ ತೃಪ್ತಿಯಿದೆ" ಎಂಬುದಕ್ಕೂ 4, ಪರೀಕ್ಷಿಸಲೆಂದೇ ಇಟ್ಟಿದ್ದ "ಅವಕಾಶ ಸಿಕ್ಕರೆ ಈ ಕೆಲಸ ಬಿಡುತ್ತೇನೆ" ಎಂಬುದಕ್ಕೂ 4. ಹಾಳೆಗಳನ್ನು ಹಂಚಿದ್ದು ಶಾಖೆಯ ಅಧೀಕ್ಷಕರು, ಸಂಜೆ ಒಂದೇ ಲಕೋಟೆಯಲ್ಲಿ ಸೇರಿಸಿ ಹಿಂತಿರುಗಿಸಿದ್ದೂ ಅವರೇ. ತುಂಬಿದವರನ್ನು ದೂರಲಾರೆ. ಸಾಹೇಬರ ಕೈಗೆ ಹೋಗುವ ಹಾಳೆಯಲ್ಲಿ ಸಾಹೇಬರ ಬಗ್ಗೆ ಯಾರು ತಾನೇ ಮನಸ್ಸು ಬಿಚ್ಚಿ ಬರೆಯುತ್ತಾರೆ?

ಜನ ತಮ್ಮ ಕೆಲಸಕ್ಕೆ ತಾವೇ ಕೊಡುವ ಅಂಕವನ್ನು ಎಷ್ಟು ನಂಬಬಹುದು ಎಂಬುದಕ್ಕೆ ಹಳೆಯ ಅಂಕಿಗಳೇ ಸಾಕು. ಹ್ಯಾರಿಸ್ ಮತ್ತು ಶೌಬ್ರೋಕ್ 1988ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಹೋದ್ಯೋಗಿಗಳು ಕೊಟ್ಟ ಅಂಕಕ್ಕೂ ಮೇಲಧಿಕಾರಿ ಕೊಟ್ಟ ಅಂಕಕ್ಕೂ ಸುಮಾರು 0.62ರಷ್ಟು ಸಹಸಂಬಂಧ ಇತ್ತು. ನೌಕರರು ತಮಗೆ ತಾವೇ ಕೊಟ್ಟುಕೊಂಡ ಅಂಕಕ್ಕೂ ಮೇಲಧಿಕಾರಿಯ ಅಂಕಕ್ಕೂ ಇದ್ದದ್ದು 0.35. ತೃಪ್ತಿ ಇದ್ದರೆ ಕೆಲಸ ತಾನಾಗಿಯೇ ಚೆನ್ನಾಗಿ ಆಗುತ್ತದೆ ಎಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. ಜಡ್ಜ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಬರೆದ 2001ರ ಲೇಖನ ಆ ಸಂಬಂಧವನ್ನು 0.30ರ ಆಸುಪಾಸಿನಲ್ಲಿ ಇಡುತ್ತದೆ. ಇಲ್ಲವೇ ಇಲ್ಲ ಎನ್ನುವಂತಿಲ್ಲ, ಆದರೆ ಒಂದನ್ನು ಅಳೆದು ಇನ್ನೊಂದನ್ನು ಅಳೆದಂತಾಯಿತು ಎನ್ನುವಷ್ಟೂ ಇಲ್ಲ.

ಹಾಗಾದರೆ ಏನನ್ನು ನೋಡಬೇಕು? ಕೆಲಸವನ್ನೇ ನೋಡಿ. ಕಚೇರಿಯ ಕೆಲಸ ಕಾಗದದ ಮೇಲೆ, ಈಗ ಕಂಪ್ಯೂಟರಿನಲ್ಲಿ, ದಿನಾಂಕ ಸಮೇತ ಗುರುತು ಬಿಟ್ಟು ಹೋಗುತ್ತದೆ. ನಿವೃತ್ತರೊಬ್ಬರ ಪಿಂಚಣಿ ಕಡತ ತೆಗೆದುಕೊಳ್ಳಿ. ಟಪಾಲಿನಲ್ಲಿ ಸ್ವೀಕರಿಸಿದ ದಿನ, ವಿಷಯ ನಿರ್ವಾಹಕರ ಮೇಜಿಗೆ ಬಂದ ದಿನ, ಟಿಪ್ಪಣಿ ಬರೆದು ಮೇಲೆ ಕಳಿಸಿದ ದಿನ, 'ಸೇವಾ ಪುಸ್ತಕದಲ್ಲಿ ಇಂಥ ನಮೂದು ಇಲ್ಲ' ಎಂದು ಆಕ್ಷೇಪಣೆ ಹಾಕಿ ಹಿಂತಿರುಗಿಸಿದ ದಿನ, ಮತ್ತೆ ಬಂದ ದಿನ, ಮಂಜೂರಾತಿ ಸಹಿ ಬಿದ್ದ ದಿನ. ಇವನ್ನು ಸಾಲಾಗಿ ಬರೆದುಕೊಂಡರೆ ಯಾವ ಪ್ರಶ್ನಾವಳಿಯೂ ಹೇಳದ ಸಂಗತಿ ಕಣ್ಣಿಗೆ ಕಾಣುತ್ತದೆ. ಕಡತದ ಮೇಲೆ ನಿಜವಾಗಿ ಕೆಲಸ ನಡೆದದ್ದು ಕೆಲವೇ ಗಂಟೆ, ಉಳಿದದ್ದೆಲ್ಲ ಕಾಯುವಿಕೆ. ಕಾದದ್ದು ಯಾರ ಮೇಜಿನ ಮೇಲೆ, ಯಾತಕ್ಕಾಗಿ? ವಿಷಯ ನಿರ್ವಾಹಕರು ಎರಡೇ ದಿನದಲ್ಲಿ ಮುಗಿಸಿರಬಹುದು; ಸಹಿ ಹಾಕಬೇಕಾದ ಅಧಿಕಾರಿಗೆ ಇನ್ನೊಂದು ಹುದ್ದೆಯ ಪ್ರಭಾರವೂ ಇದ್ದು ಅವರು ವಾರಕ್ಕೆ ಎರಡು ದಿನ ಮಾತ್ರ ಈ ಕಚೇರಿಗೆ ಬರುತ್ತಿರಬಹುದು. ಆ ತಡವನ್ನು ಗುಮಾಸ್ತರ ಕಾರ್ಯಕ್ಷಮತೆಯ ಖಾತೆಗೆ ಬರೆದರೆ ಅನ್ಯಾಯವೂ ಹೌದು, ತಪ್ಪು ವಿಜ್ಞಾನವೂ ಹೌದು.

ಇಲ್ಲಿ ಒಂದು ಎಚ್ಚರಿಕೆ. ವಿಲೇವಾರಿ ಸಂಖ್ಯೆಯನ್ನು ಮಾತ್ರ ಎಣಿಸಬೇಡಿ. ಅರ್ಜಿಯನ್ನು ತಿರಸ್ಕರಿಸಿದರೂ ವಿಲೇವಾರಿಯೇ, ದಾಖಲೆ ಸಾಲದೆಂದು ವಾಪಸ್ ಕಳಿಸಿದರೂ ಕೆಲವು ಕಡೆ ವಿಲೇವಾರಿಯೇ. ಅದೇ ವ್ಯಕ್ತಿಯ ಅದೇ ಅರ್ಜಿ ಎಷ್ಟು ಸಲ ಮರಳಿ ಬಂತು ಎಂಬುದನ್ನು ಪಕ್ಕದಲ್ಲಿ ಬರೆದುಕೊಳ್ಳಿ. ವೇಗದ ಕಚೇರಿ ಯಾವುದು, ವೇಗವಾಗಿ ವಾಪಸ್ ಕಳಿಸುವ ಕಚೇರಿ ಯಾವುದು ಎಂದು ಆಗ ಗೊತ್ತಾಗುತ್ತದೆ.

ಗಡುವು ಇರುವ ಸೇವೆಯಾದರೆ ಸರಾಸರಿ ದಿನಗಳ ಲೆಕ್ಕದಲ್ಲೇ ನಿಲ್ಲದೆ, ಎಷ್ಟು ಅರ್ಜಿ ಎಷ್ಟನೆಯ ದಿನ ಮುಗಿಯಿತು ಎಂಬ ಸ್ತಂಭಚಿತ್ರ ಬರೆಯಿರಿ. ಇಂಗ್ಲೆಂಡಿನಲ್ಲಿ ಜೀವಕ್ಕೆ ಅಪಾಯವಿರುವ ಕರೆಗಳಲ್ಲಿ 75 ಶೇಕಡಾ ಕರೆಗಳಿಗೆ ಆಂಬ್ಯುಲೆನ್ಸ್ 8 ನಿಮಿಷದೊಳಗೆ ತಲುಪಬೇಕೆಂಬ ಗುರಿ ಇಟ್ಟಿದ್ದರು. ಬೆವನ್ ಮತ್ತು ಹುಡ್ 2006ರಲ್ಲಿ ಆ ದಾಖಲೆಗಳನ್ನು ಚರ್ಚಿಸುತ್ತಾ ತೋರಿಸಿದ ಚಿತ್ರವೊಂದರಲ್ಲಿ ಸರಿಯಾಗಿ 8ನೇ ನಿಮಿಷದ ಹತ್ತಿರ ಗೋಪುರದಂತೆ ಏರಿದ ರೇಖೆ ಆಮೇಲೆ ಪಾತಾಳಕ್ಕೆ ಬೀಳುತ್ತದೆ. ಬೀದಿಯ ವಾಹನ ಸಂಚಾರ ಹಾಗೆ ಗಡಿಯಾರ ನೋಡಿಕೊಂಡು ನಡೆಯುವುದಿಲ್ಲ. ಸಮಯವನ್ನು ದಾಖಲಿಸುವ ಕೈ ಎಲ್ಲೋ ತಿದ್ದುತ್ತಿತ್ತು. ಸರಾಸರಿ ಮಾತ್ರ ನೋಡಿದ್ದರೆ ಇದು ಯಾರಿಗೂ ಕಾಣುತ್ತಿರಲಿಲ್ಲ. ನಿಮ್ಮ ಡೇಟಾದಲ್ಲಿ ಗಡುವು 30 ದಿನ ಇದ್ದು 29, 30ನೇ ದಿನ ರಾಶಿ ಬಿದ್ದಿದ್ದರೆ ಅದೇ ಒಂದು ಅಧ್ಯಾಯಕ್ಕಾಗುವಷ್ಟು ವಿಷಯ.

ಹಾಜರಾತಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಸುಲಭವಾಗಿ ಸಿಗುತ್ತದೆ ಎಂದು ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ. ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಸರ್ಕಾರಿ ನರ್ಸುಗಳ ಹಾಜರಾತಿಗೆ ದಿನಾಂಕ-ಸಮಯ ಮುದ್ರಿಸುವ ಯಂತ್ರ ಕೊಟ್ಟು, ಗೈರಾದರೆ ಸಂಬಳ ಕಡಿತ ಎಂದು ನಿಯಮ ಮಾಡಿ ನೋಡಿದರು. ಬ್ಯಾನರ್ಜಿ, ಡುಫ್ಲೋ ಮತ್ತು ಗ್ಲೆನರ್‌ಸ್ಟರ್ 2008ರಲ್ಲಿ ಪ್ರಕಟಿಸಿದ ಈ ಅಧ್ಯಯನದ ಪ್ರಕಾರ ಶುರುವಿನಲ್ಲಿ ಹಾಜರಾತಿ ಚೆನ್ನಾಗಿ ಏರಿತು. 16 ತಿಂಗಳ ಹೊತ್ತಿಗೆ ಯಂತ್ರ ಇದ್ದ ಕೇಂದ್ರಕ್ಕೂ ಇಲ್ಲದ ಕೇಂದ್ರಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ಯಂತ್ರ ಕೆಟ್ಟದ್ದು ಇದಕ್ಕೆ ಮುಖ್ಯ ಕಾರಣವಲ್ಲ. ಆರೋಗ್ಯ ಇಲಾಖೆಯವರೇ 'ವಿನಾಯಿತಿ ದಿನ'ಗಳನ್ನು ಧಾರಾಳವಾಗಿ ಮಂಜೂರು ಮಾಡತೊಡಗಿದ್ದರು. ಕೆಳಗಿನವರ ಗೈರುಹಾಜರಿ ಎಂದು ಅಳೆಯಲು ಹೊರಟದ್ದು ಕೊನೆಗೆ ಮೇಲಿನವರ ಇಚ್ಛಾಶಕ್ತಿಯ ಅಳತೆಯಾಯಿತು. ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಯೋಮೆಟ್ರಿಕ್ ಇಟ್ಟು ಪರೀಕ್ಷಿಸಿದ ಧಾಲಿವಾಲ್ ಮತ್ತು ಹನ್ನಾ ಅವರ 2017ರ ಲೇಖನದಲ್ಲೂ ಚಿತ್ರ ಮಿಶ್ರವಾಗಿಯೇ ಇದೆ: ನರ್ಸು, ಲ್ಯಾಬ್ ತಂತ್ರಜ್ಞರಂಥ ಸಿಬ್ಬಂದಿಯ ಹಾಜರಿ ಹೆಚ್ಚಿತು, ನವಜಾತ ಶಿಶುಗಳ ತೂಕವೂ ಸುಧಾರಿಸಿತು, ವೈದ್ಯರ ಹಾಜರಿ ಮಾತ್ರ ಕದಲಲಿಲ್ಲ.

ಇದರ ಪಕ್ಕದಲ್ಲಿಟ್ಟು ಓದಬೇಕಾದದ್ದು ಮುರಳೀಧರನ್ ಮತ್ತು ಸುಂದರರಾಮನ್ ಅವರ 2011ರ ಅಧ್ಯಯನ. ಆಂಧ್ರಪ್ರದೇಶದ ಗ್ರಾಮೀಣ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಕಲಿಕೆ ಸುಧಾರಿಸಿದರೆ ಶಿಕ್ಷಕರಿಗೆ ಬೋನಸ್ ಕೊಟ್ಟರು. ಎರಡು ವರ್ಷದ ನಂತರ ಆ ಶಾಲೆಗಳ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಮುಂದಿದ್ದರು. ಬೋನಸ್ಸಿಗೆ ಸಂಬಂಧವೇ ಇಲ್ಲದ ವಿಜ್ಞಾನ, ಸಮಾಜ ವಿಷಯಗಳಲ್ಲೂ ಮುಂದಿದ್ದರು. ಆದರೆ ಶಿಕ್ಷಕರ ಗೈರುಹಾಜರಿ ಕಡಿಮೆಯಾಗಿರಲಿಲ್ಲ. ಬಂದ ದಿನ ಮಾಡಿದ ಪಾಠ ಬದಲಾಗಿತ್ತು. ಹಾಜರಿ ಪುಸ್ತಕವೊಂದನ್ನೇ ನೋಡಿದವರು ಈ ಯೋಜನೆಯಿಂದ ಏನೂ ಆಗಲಿಲ್ಲ ಎಂದು ಬರೆದು ಮುಗಿಸುತ್ತಿದ್ದರು.

ಇನ್ನು ಖಾಸಗಿ-ಸರ್ಕಾರಿ ಪ್ರಶ್ನೆ. ತರಬಹುದು, ಆದರೆ ಕೆಲಸದ ಸ್ವರೂಪ ನೋಡಿಕೊಂಡು. ಲಜಿಯರ್ 2000ದಲ್ಲಿ ಬರೆದ ಪ್ರಸಿದ್ಧ ಅಧ್ಯಯನ ಅಮೆರಿಕದ ಸೇಫ್‌ಲೈಟ್ ಎಂಬ ಕಾರಿನ ಗಾಜು ಕೂರಿಸುವ ಕಂಪನಿಯದು. ಗಂಟೆ ಲೆಕ್ಕದ ಸಂಬಳದಿಂದ ಗಾಜಿನ ಲೆಕ್ಕದ ಸಂಬಳಕ್ಕೆ ಬದಲಾಯಿಸಿದಾಗ ಉತ್ಪಾದಕತೆ 44 ಶೇಕಡಾ ಏರಿತು. ಅದರಲ್ಲಿ ಸುಮಾರು ಅರ್ಧ ಮಾತ್ರ ಇದ್ದವರೇ ಹೆಚ್ಚು ದುಡಿದದ್ದರಿಂದ ಬಂದದ್ದು; ಉಳಿದದ್ದಕ್ಕೆ ಚುರುಕಿನವರು ಬಂದು ಸೇರಿದ್ದು, ಉಳಿದುಕೊಂಡದ್ದು ಬಹುಪಾಲು ಕಾರಣ. ಗಾಜನ್ನು ಎಣಿಸಬಹುದು, ಸರಿಯಾಗಿ ಕೂತಿಲ್ಲದಿದ್ದರೆ ಒಡೆದೋ ಸೋರಿಯೋ ಗೊತ್ತಾಗುತ್ತದೆ, ಯಾರು ಕೂರಿಸಿದರು ಎಂಬುದೂ ಗೊತ್ತಿರುತ್ತದೆ. ಕಂದಾಯ ಕಚೇರಿಯ ಮೇಜಿನ ಮೇಲೆ ಸುಲಭದ ಅರ್ಜಿ, ತಕರಾರಿನ ಅರ್ಜಿ ಎರಡೂ ಇರುತ್ತವೆ. ಸಂಖ್ಯೆಗೆ ಬಹುಮಾನ ಇಟ್ಟರೆ ತಕರಾರಿನದು ಕೆಳಗೆ ಹೋಗುತ್ತದೆ. ಒಬ್ಬರ ಕೈಯಲ್ಲಿ ಹಲವು ಕೆಲಸ ಇದ್ದು ಅಳೆಯಬಹುದಾದ್ದಕ್ಕೆ ಮಾತ್ರ ಬಹುಮಾನ ಇಟ್ಟಾಗ ಉಳಿದದ್ದು ಸೊರಗುತ್ತದೆ ಎಂಬುದನ್ನು ಹೋಲ್ಮ್‌ಸ್ಟ್ರಾಮ್ ಮತ್ತು ಮಿಲ್‌ಗ್ರಾಮ್ 1991ರಲ್ಲೇ ಗಣಿತದಲ್ಲಿ ತೋರಿಸಿದ್ದಾರೆ.

ಇನ್ನೊಂದು ಬಗೆಯ ಖಾಸಗಿ ಅಧ್ಯಯನ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬ್ಲೂಮ್ ಮತ್ತು ಸಂಗಡಿಗರು ಮುಂಬೈ ಸುತ್ತಲಿನ ಜವಳಿ ಮಿಲ್ಲುಗಳಲ್ಲಿ ಕೆಲವಕ್ಕೆ ಉಚಿತ ಸಲಹೆಗಾರರನ್ನು ಕೊಟ್ಟು, ಯಂತ್ರ ನಿಂತ ಕಾರಣ ಬರೆದಿಡುವುದು, ನೂಲಿನ ದಾಸ್ತಾನು ಲೆಕ್ಕ ಇಡುವುದು, ದೋಷಗಳನ್ನು ದಿನವೂ ಚರ್ಚಿಸುವುದು ಇಂಥ ಸಾದಾ ಪದ್ಧತಿಗಳನ್ನು ರೂಢಿಗೆ ತರಿಸಿದರು. 2013ರಲ್ಲಿ ಪ್ರಕಟವಾದಂತೆ ಮೊದಲ ವರ್ಷದಲ್ಲೇ ಉತ್ಪಾದಕತೆ 17 ಶೇಕಡಾ ಹೆಚ್ಚಿತು. ಕೆಲಸಗಾರರನ್ನು ಬದಲಾಯಿಸಿರಲಿಲ್ಲ, ಅವರ ಮನೋಭಾವದ ಮೇಲೆ ತರಬೇತಿ ಶಿಬಿರವನ್ನೂ ನಡೆಸಿರಲಿಲ್ಲ. ಸರ್ಕಾರದ ಕಡೆಗೆ ಬಂದರೆ ರಸೂಲ್ ಮತ್ತು ರಾಜರ್ ನೈಜೀರಿಯಾದ ಕೇಂದ್ರ ಸರ್ಕಾರದ 4,700ಕ್ಕೂ ಹೆಚ್ಚು ಕಾಮಗಾರಿಗಳ ದಾಖಲೆ ಹಿಡಿದು 2018ರಲ್ಲಿ ಬರೆದದ್ದನ್ನು ಬಿಡಬೇಡಿ. ಸಿಬ್ಬಂದಿಗೆ ನಿರ್ಧಾರ ಸ್ವಾತಂತ್ರ್ಯ ಹೆಚ್ಚಿದ್ದ ಸಂಸ್ಥೆಗಳಲ್ಲಿ ಕಾಮಗಾರಿ ಪೂರ್ಣಗೊಳ್ಳುವ ಪ್ರಮಾಣ ಹೆಚ್ಚು, ಪ್ರೋತ್ಸಾಹಧನ ಮತ್ತು ನಿಗಾ ಹೆಚ್ಚಿದ್ದಲ್ಲಿ ಕಡಿಮೆ. ಅದು ಪ್ರಯೋಗವಲ್ಲ, ಸಹಸಂಬಂಧ. ಹಾಗಾಗಿ ನಿಗಾ ತೆಗೆದರೆ ಎಲ್ಲ ಸರಿಹೋಗುತ್ತದೆ ಎಂದು ಬರೆಯಬೇಡಿ. ಗಮನಿಸಬೇಕಾದದ್ದು ಅವರ ವಿಧಾನ: ನಿರ್ವಹಣಾ ಪದ್ಧತಿಯನ್ನು ಅಧಿಕಾರಿಗಳ ಸಂದರ್ಶನದಿಂದ ತಿಳಿದುಕೊಂಡರು, ಬಾವಿ ತೋಡಿದೆಯೋ ಶಾಲೆ ಕಟ್ಟಿದೆಯೋ ಎಂಬುದನ್ನು ಸ್ಥಳ ಪರಿಶೀಲನೆಯ ವರದಿಯಿಂದ ತಿಳಿದುಕೊಂಡರು. ಎರಡು ಮೂಲ, ಎರಡು ಬೇರೆ ಕೈ.

ನಿಮ್ಮ ಗೈಡ್ ಜೊತೆ ಜಗಳ ಬೇಡ. ಪ್ರಶ್ನಾವಳಿಯನ್ನು ಉಳಿಸಿಕೊಳ್ಳಿ, ಆದರೆ ಅದರಿಂದ 'ಸಿ' ಭಾಗ ತೆಗೆಯಿರಿ. ಮೇಲಧಿಕಾರಿಯ ವರ್ತನೆ, ಸ್ವಾತಂತ್ರ್ಯ, ಕೆಲಸದ ಹೊರೆ ಇವನ್ನು ನೌಕರರನ್ನೇ ಕೇಳಿ. ಅವು ಅವರಿಗೇ ಗೊತ್ತಿರುವ ವಿಷಯ. ಹಾಳೆಯನ್ನು ನೀವೇ ಕೈಗೆ ಕೊಟ್ಟು, ಮುಚ್ಚಿದ ಲಕೋಟೆಯಲ್ಲಿ ನೀವೇ ವಾಪಸ್ ಪಡೆಯಿರಿ. ಕಾರ್ಯಕ್ಷಮತೆಯನ್ನು ಮಾತ್ರ ಕಡತದ ದಿನಾಂಕಗಳಿಂದ ಕಟ್ಟಿ. ಜನರ ಸಂಖ್ಯೆ ಕಡಿಮೆ ಮಾಡಿದರೂ ಪರವಾಗಿಲ್ಲ, ಒಂದೇ ಸೇವೆ ಕೊಡುವ ಕಚೇರಿಗಳನ್ನು ಆದಷ್ಟು ಹೆಚ್ಚು ಸೇರಿಸಿ. ಹಾಗೆ ಮಾಡಿದರೆ ಸಂಬಂಧ ದುರ್ಬಲವಾಗಿ ಬರುತ್ತದೆ, ಸಹಸಂಬಂಧ 0.7ರ ಬದಲು 0.15 ಬರಬಹುದು, ಗಾಬರಿಯಾಗಬೇಡಿ. ಆ 0.15ನ್ನು ನಾನು ನಂಬುತ್ತೇನೆ.

ಅನುಮತಿ ಕೇಳುವಾಗ 'ಕಾರ್ಯಕ್ಷಮತೆ ಅಧ್ಯಯನ' ಎಂದು ದೊಡ್ಡದಾಗಿ ಬರೆದರೆ ಕಚೇರಿಯವರು ಹಿಂಜರಿಯುವುದು ಸಹಜ, ಯಾರ ಮೇಲೆ ಕ್ರಮ ಆಗುತ್ತದೋ ಎಂಬ ಭಯ ಅವರದು. ಉದ್ದೇಶ ಮುಚ್ಚಿಡದೆ, ಬೇಕಾದ ಕಾಲಮ್ಮುಗಳನ್ನಷ್ಟೇ ಪಟ್ಟಿ ಮಾಡಿ ಕೊಡಿ: ಅರ್ಜಿಯ ಬಗೆ, ಸ್ವೀಕೃತಿ ದಿನ, ಪ್ರತಿ ಮೇಜಿಗೆ ಬಂದ ಮತ್ತು ಹೋದ ದಿನ, ಅಂತಿಮ ಆದೇಶ. ನೌಕರರ ಹೆಸರು ಬೇಡ, ಮೇಜಿಗೊಂದು ಸಂಕೇತ ಸಾಕು, ಅರ್ಜಿದಾರರ ಹೆಸರೂ ಬೇಡ ಎಂದು ಪತ್ರದಲ್ಲೇ ಬರೆಯಿರಿ. ಮೊದಲು ಒಂದೇ ಕಚೇರಿಯ ಒಂದು ತಿಂಗಳ ದಾಖಲೆ ತೆಗೆದು, ಎಷ್ಟು ಕಡೆ ದಿನಾಂಕ ಖಾಲಿ ಬಿಟ್ಟಿದ್ದಾರೆ ಎಂದು ನೋಡಿಕೊಳ್ಳಿ. ಸಿನಾಪ್ಸಿಸ್ (ಸಂಶೋಧನಾ ರೂಪರೇಖೆ) ತಿದ್ದುವುದು ಅದಾದ ಮೇಲೆ ಇರಲಿ.